60 ಜೊತೆ ಓಲೆ, ಒಂದು ಜೊತೆ ಕೈ

ಒಂದು ಬಟ್ಟೆ ಅಂಗಡಿಯವರಿಂದ ಮೆಸೇಜ್ ಬಂದಿತ್ತು. "ನಿಮ್ಮ ಎಲೆ ಓಲೆ ಚೆನ್ನಾಗಿವೆ, ಮೂರು ವಾರದಲ್ಲಿ 60 ಜೊತೆ ಕೊಡೋಕಾಗುತ್ತಾ?" ನಾಲ್ಕು ಸಲ ಓದಿದೆ. ಮನೆಯಲ್ಲೇ ಕೂತು ಕಿವಿಯೋಲೆ ಮಾಡಿ ಮಾರೋ ನನಗೆ ಅಲ್ಲಿಯವರೆಗೆ ಬಂದಿದ್ದ ಅತಿ ದೊಡ್ಡ ಆರ್ಡರ್ ಅಂದ್ರೆ ಐದು ಜೊತೆ, ಅದರಲ್ಲೂ ಎರಡನ್ನು ತಗೊಂಡಿದ್ದು ನಮ್ಮಕ್ಕ. "ಆಗುತ್ತೆ" ಅಂತ ಉತ್ತರ ಕಳಿಸಿ, ಆಮೇಲೆ ಕೂತು ಯೋಚನೆ ಮಾಡಿದೆ, ಆಗುತ್ತಾ ಅಂತ.

ರಾತ್ರಿ ಮನೆಯಲ್ಲಿ ಸಭೆ. ವ್ಯಾಪಾರ ಬೆಳೆಸೋದು ಹೇಗೆ ಅನ್ನೋದೇ ವಿಷಯ. ಯಜಮಾನರು ಲ್ಯಾಪ್‌ಟಾಪ್ ತೆಗೆದು ಬಣ್ಣಬಣ್ಣದ ಎಕ್ಸೆಲ್ ಹಾಳೆ ಶುರು ಮಾಡಿದರು. ಮಗಳು, "ಅಮ್ಮ, ದಿನಾ ಒಂದು ವಿಡಿಯೋ ಹಾಕು, ತಾನೇ ಬೆಳೆಯುತ್ತೆ" ಅಂದಳು. ಫೋನಿನಲ್ಲಿದ್ದ ಅಕ್ಕ, "ಮಾಡಿ ಮಾರೋದಕ್ಕಿಂತ ಹೇಳಿಕೊಡೋದೇ ಲಾಭ, ಕ್ಲಾಸ್ ಶುರು ಮಾಡು" ಅಂದಳು. ಕೊನೆಗೆ ಅತ್ತೆ ಬಾಯಿ ಬಿಟ್ಟರು. "ಮೊದಲು ಆ ಮೇಜು ಖಾಲಿ ಮಾಡು." ಈಗ ಯೋಚಿಸಿದರೆ, ಆ ಸಭೆಯಲ್ಲಿ ಕೆಲಸಕ್ಕೆ ಬರೋ ಮಾತು ಅದೊಂದೇ.

ಬೆಳೆಯೋ ಪ್ರಯತ್ನ ನನಗೆ ಹೊಸದೇನಲ್ಲ. ಒಂದು ವರ್ಷದ ಹಿಂದೆ, ಜಾಸ್ತಿ ತಗೊಂಡ್ರೆ ಅಗ್ಗ ಅಂತ ಓಲೆಯ ಕೊಕ್ಕೆ 500 ಒಟ್ಟಿಗೆ ತರಿಸಿದ್ದೆ. ಪ್ಯಾಕೆಟ್ ಮೇಲೆ 'ಬೆಳ್ಳಿ ಬಣ್ಣ' ಅಂತ ಇತ್ತು. ನಾನು ಓದಿಕೊಂಡಿದ್ದು ಬೆಳ್ಳಿ ಅನ್ನೋದನ್ನು ಮಾತ್ರ, ಬಣ್ಣ ಅನ್ನೋದು ಕಣ್ಣಿಗೇ ಬೀಳಲಿಲ್ಲ. ಎರಡೇ ವಾರಕ್ಕೆ ಗೆಳತಿಯೊಬ್ಬಳು ಕಿವಿ ಕೆಂಪಗೆ ಮಾಡಿಕೊಂಡು ಬಂದಳು. ಕಾರಣ ನಿಕಲ್. ಅಗ್ಗದ ಮಿಶ್ರಲೋಹಗಳಲ್ಲಿ ಇದು ಸಾಮಾನ್ಯ, ಎಷ್ಟೋ ಜನರ ಚರ್ಮಕ್ಕೆ ಆಗಿಬರಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಸುಲಭಕ್ಕೆ ಬಿಡೋದೂ ಇಲ್ಲ. ಯುರೋಪಿನ ದೇಶಗಳಲ್ಲಂತೂ ಚುಚ್ಚಿದ ಕಿವಿಗೆ ಹಾಕೋ ಒಡವೆಯಿಂದ ಎಷ್ಟು ನಿಕಲ್ ಹೊರಬರಬಹುದು ಅನ್ನೋದಕ್ಕೇ ಕಾನೂನಿದೆ. ನನ್ನ ಹತ್ತಿರ ಇದ್ದಿದ್ದು ಕಾನೂನಲ್ಲ, 480 ಕೊಕ್ಕೆ. ಈಗ ಟೈಟಾನಿಯಂ ಕೊಕ್ಕೆ ತರಿಸುತ್ತೇನೆ, ಹಳೆಯವು ಪರದೆ ತೂಗುಹಾಕೋದಕ್ಕೆ, ಬೀಗದ ಕೈಗೆ, ಒಮ್ಮೆ ತುರ್ತಿನಲ್ಲಿ ಯಜಮಾನರ ಪ್ಯಾಂಟಿನ ಜಿಪ್ಪಿಗೂ ಉಪಯೋಗಕ್ಕೆ ಬಂದಿವೆ.

ಆಮೇಲೆ ಒಂದು ಮೇಳದಲ್ಲಿ ಮಳಿಗೆ ಹಾಕಿದೆ. ಮೇಜು, ಬಟ್ಟೆ, ದೀಪ, ಬೆಲೆ ಚೀಟಿ, ಚಿಲ್ಲರೆ, ಕುರ್ಚಿ, ಎಲ್ಲಾ ಹೊತ್ತುಕೊಂಡು ಹೋಗಿದ್ದೆ. ಕನ್ನಡಿ ಮರೆತಿದ್ದೆ. ಓಲೆ ಮಾರೋಳು ಕನ್ನಡಿ ಮರೆಯೋದು ಅಂದ್ರೆ ಚಪ್ಪಲಿ ಅಂಗಡಿಯವನು ಯಾರನ್ನೂ ಕೂರಲು ಬಿಡದ ಹಾಗೆ. ಬಂದವರೆಲ್ಲ ಕಿವಿ ಹತ್ತಿರ ಓಲೆ ಹಿಡಿದು ನನ್ನ ಮುಖ ನೋಡೋರು. ನಾನು "ತುಂಬಾ ಚೆನ್ನಾಗಿ ಕಾಣುತ್ತೆ" ಅನ್ನುತ್ತಿದ್ದೆ. ಮಾರುವವಳ ಮಾತನ್ನು ಯಾರು ನಂಬ್ತಾರೆ?

ರೆಸಿನ್ ಕಥೆಯೇ ಬೇರೆ. ಎಪಾಕ್ಸಿ ರೆಸಿನ್ ಅಂದ್ರೆ ಅಚ್ಚಿಗೆ ಸುರಿದರೆ ಗಾಜಿನ ಹಾಗೆ ಗಟ್ಟಿಯಾಗೋ ಅಂಟುದ್ರವ. ಎರಡು ಬಾಟಲಿಯಲ್ಲಿ ಬರುತ್ತೆ, ಹೇಳಿದ ಅಳತೆಗೆ ಸರಿಯಾಗಿ ಬೆರೆಸಬೇಕು, ಸ್ವಲ್ಪ ತಪ್ಪಿದರೂ ಅಂಟು ಅಂಟಾಗೇ ಉಳಿಯುತ್ತೆ. ಬೆರೆಸಿ ಅಚ್ಚಿಗೆ ಸುರಿದ ಮೇಲೆ ಮುಟ್ಟುವಷ್ಟು ಗಟ್ಟಿಯಾಗೋಕೆ ಹೆಚ್ಚುಕಡಿಮೆ ಒಂದು ದಿನ, ಪೂರ್ತಿ ಗಟ್ಟಿಯಾಗೋಕೆ ಸುಮಾರು ಮೂರು ದಿನ. ಅಲ್ಲಿಯವರೆಗೆ ಧೂಳು ಬೀಳದ ಹಾಗೆ ಮುಚ್ಚಿಡಬೇಕು. ನಾನು ಮುಚ್ಚಿಟ್ಟಿದ್ದೆ. ನಮ್ಮ ಬೆಕ್ಕಿಗೆ ಮುಚ್ಚಿಟ್ಟ ಡಬ್ಬ ಅಂದ್ರೆ ಆಹ್ವಾನ. ಬೆಳಗ್ಗೆ ನೋಡಿದರೆ ಡಬ್ಬ ಕೆಳಗೆ, ಪೆಂಡೆಂಟ್‌ಗಳ ಒಳಗೆ ಹೊಂಬಣ್ಣದ ಸಣ್ಣ ಸಣ್ಣ ಎಳೆಗಳು. ಬಿಸಾಡೋ ಮುಂಚೆ ಸುಮ್ನೆ ತಮಾಷೆಗೆ ಒಂದು ಫೋಟೋ ಹಾಕಿದೆ. ಅಷ್ಟೇ, "ಆ ಚಿನ್ನದ ಎಳೆ ಇರೋದು ನನಗೆ ಬೇಕು" ಅಂತ ಮೂವರು ಕೇಳಿದರು. ಬೆಕ್ಕಿನ ಕೂದಲು ಅಂತ ಹೇಳಿಬಿಟ್ಟೆ. ಇಬ್ಬರು ಮಾಯವಾದರು. ಮೂರನೆಯವರು "ಪರವಾಗಿಲ್ಲ, ಇನ್ನೂ ಎರಡು ಮಾಡಿಕೊಡಿ, ತಂಗಿಯರಿಗೆ" ಅಂದರು. ನನ್ನ ಅತಿ ಬೇಡಿಕೆಯ ಡಿಸೈನು ಬೆಕ್ಕಿನ ಮರ್ಜಿಯ ಮೇಲೆ ನಿಂತಿದೆ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಗಾದೆ ಮಾಡಿದವರು, ಬೆಕ್ಕಿಗೆ ಉತ್ಪಾದನೆ ಹೆಚ್ಚಿಸು ಅಂತ ಹೇಳೋರು ಯಾರು ಅಂತ ಯೋಚಿಸಿರಲಿಲ್ಲ.

ಸರಿ, 60 ಜೊತೆಗೆ ಬರುತ್ತೇನೆ. ಯಜಮಾನರ ಎಕ್ಸೆಲ್‌ನಲ್ಲಿ ಒಂದು ಮನೆ ಖಾಲಿ ಇತ್ತು. "ಒಂದು ಜೊತೆಗೆ ಎಷ್ಟು ಹೊತ್ತು ಹಿಡಿಯುತ್ತೆ?" "ಕಾಲು ಗಂಟೆ" ಅಂದೆ, ಎದೆ ತಟ್ಟಿಕೊಂಡು. ಅವರು ಮಾತಾಡದೆ ಫೋನಿನಲ್ಲಿ ಗಡಿಯಾರ ಒತ್ತಿದರು. 20 ಗೇಜ್ ತಂತಿ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು) ಕತ್ತರಿಸಿ ಎಲೆಯ ಆಕಾರಕ್ಕೆ ಬಗ್ಗಿಸಿದೆ, ಅದರ ಮೇಲೆ 28 ಗೇಜಿನ ತೆಳು ತಂತಿಯಲ್ಲಿ ಮಣಿ ಪೋಣಿಸಿ ಸುತ್ತಿದೆ, ಚೂಪು ತುದಿ ಉಜ್ಜಿದೆ, ಕೊಕ್ಕೆ ಹಾಕಿದೆ. ಮಧ್ಯೆ ಇಕ್ಕಳ ಹುಡುಕಿದೆ. ಅದು ನನ್ನ ತೊಡೆಯ ಮೇಲೇ ಇತ್ತು. ಮಣಿಯ ಡಬ್ಬಿ ಉರುಳಿ, ವ್ಯಾಕ್ಯೂಮ್ ಕ್ಲೀನರ್ ಮೂತಿಗೆ ಹಳೇ ಕಾಲುಚೀಲ ಕಟ್ಟಿ ಮಣಿಗಳನ್ನೆಲ್ಲ ಹೀರಿ ತೆಗೆದೆ (ಮಣಿ ಕೆಲಸ ಮಾಡೋರು ಇದೊಂದು ಉಪಾಯ ನೆನಪಿಟ್ಟುಕೊಳ್ಳಿ, ಮಂಡಿ ಉಳಿಯುತ್ತೆ). ಗಡಿಯಾರ ನಿಂತಿದ್ದು 42 ನಿಮಿಷಕ್ಕೆ. ಜೊತೆಗೆ 42 ನಿಮಿಷ ಅಂದ್ರೆ 60 ಜೊತೆಗೆ 42 ಗಂಟೆ. ಲೆಕ್ಕ ಅಷ್ಟು ಸುಲಭವಾಗಿ ಬಂದುಬಿಟ್ಟಿದ್ದೇ ನನಗೆ ಜಾಸ್ತಿ ನೋವಾಯಿತು.

ನೋವು ಅಲ್ಲಿಗೆ ಮುಗಿಯಲಿಲ್ಲ. ಈ ಕೆಲಸದಲ್ಲಿ ಬೆಲೆ ಕಟ್ಟೋಕೆ ಒಂದು ರೂಢಿಯ ಲೆಕ್ಕ ಇದೆ. ಸಾಮಾನಿನ ಖರ್ಚು, ನಮ್ಮ ಹೊತ್ತಿನ ಕೂಲಿ, ಕರೆಂಟು ಪ್ಯಾಕಿಂಗ್ ಥರದ ಮೇಲ್ಖರ್ಚು, ಎಲ್ಲಾ ಕೂಡಿಸಿ ಎರಡರಿಂದ ಗುಣಿಸಿದರೆ ಅಂಗಡಿಗೆ ಕೊಡೋ ಸಗಟು ಬೆಲೆ. ಅದನ್ನು ಮತ್ತೆ ಎರಡರಿಂದ ಗುಣಿಸಿದರೆ ಗಿರಾಕಿಗೆ ಮಾರೋ ಬೆಲೆ. ಅಂಗಡಿಯವರು ಸಾಮಾನ್ಯವಾಗಿ ಅರ್ಧ ಬೆಲೆಗೇ ಕೇಳ್ತಾರೆ, ಅದರಲ್ಲಿ ಅನ್ಯಾಯ ಏನಿಲ್ಲ, ಬಾಡಿಗೆ ದೀಪ ಕನ್ನಡಿ ಎಲ್ಲಾ ಅವರದ್ದು. ನಾನು ಇಷ್ಟು ದಿನ ಮಾಡಿದ್ದೇನು? ಸಾಮಾನಿನ ಖರ್ಚಿಗೆ ಒಂದಿಷ್ಟು ಸೇರಿಸಿ, "ಪಾಪ, ಜಾಸ್ತಿ ಆಯ್ತೇನೋ" ಅಂತ ಮತ್ತೆ ಒಂದಿಷ್ಟು ಕಡಿಮೆ ಮಾಡಿದ್ದು. ಆ ಬೆಲೆಯ ಅರ್ಧಕ್ಕೆ 60 ಜೊತೆ ಕೊಟ್ಟರೆ, ಪ್ರತಿ ಜೊತೆಯ ಜೊತೆಗೆ ನನ್ನ ಕೈಯಿಂದಲೂ ಸ್ವಲ್ಪ ದುಡ್ಡು ಕಟ್ಟಿ ಕಳಿಸಿದ ಹಾಗೆ. ಮಗಳು ಹಾಳೆ ನೋಡಿ, "ಅಮ್ಮ, ನೀನು ಬೆಳೆದಷ್ಟೂ ನಾವು ಬಡವರಾಗ್ತೀವಿ" ಅಂದಳು.

ಆದರೂ ಒಪ್ಪಿಕೊಂಡಾಗಿತ್ತಲ್ಲ. ಸಹಾಯಕ್ಕೆ ಅತ್ತಿಗೆಯನ್ನು ಕರೆದೆ. ಅವರ ಕೈ ಅಚ್ಚುಕಟ್ಟು, ನನಗಿಂತ ಬೇಗ. ನಾನು ಎಲೆಯ ಚೌಕಟ್ಟು ಬಗ್ಗಿಸೋದು, ಅವರು ಮಣಿ ಸುತ್ತೋದು ಅಂತ ಕೆಲಸ ಹಂಚಿಕೊಂಡೆವು. ಜಂಪ್ ರಿಂಗನ್ನು (ಓಲೆಯ ಭಾಗಗಳನ್ನು ಜೋಡಿಸೋ ಸಣ್ಣ ತಂತಿ ಉಂಗುರ) ಅಗಲಕ್ಕೆ ಎಳೆದು ಬಿಡಿಸಬಾರದು, ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿ ಮುಂದಕ್ಕೆ ಒಂದು ಹಿಂದಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಉಂಗುರ ಮೊಟ್ಟೆಯ ಆಕಾರ ಆಗುತ್ತೆ ಅಂತ ಎಲ್ಲಾ ಹೇಳಿಕೊಟ್ಟೆ. ನಾಲ್ಕು ದಿನದಲ್ಲಿ 20 ಜೊತೆ ಮಣಿ ಸುತ್ತಿ ತಂದರು. ಸಾಲಾಗಿ ಜೋಡಿಸಿಟ್ಟರೆ ಕಣ್ಣಿಗೆ ಹಬ್ಬ. ಒಂದು ಜೊತೆ ಎತ್ತಿ ಕಿವಿಗೆ ಹಿಡಿದೆ. ಎಡಗಡೆ ಎಲೆ ಮುಖದ ಕಡೆ ಬಾಗಿತ್ತು. ಬಲಗಡೆ ಎಲೆ ಮುಖ ತಿರುಗಿಸಿಕೊಂಡಿತ್ತು. ಇನ್ನೊಂದು ಜೊತೆ ಎತ್ತಿದೆ. ಅದೂ ಹಾಗೇ.

ತಪ್ಪು ನನ್ನದೇ. ಬರೀ ತಂತಿಯ ಎಲೆಯನ್ನು ಮಗುಚಿದರೆ ಎಡದ್ದು ಬಲ ಆಗುತ್ತೆ. ಆದರೆ ಮಣಿ ಬರೋದು ಮುಂಭಾಗಕ್ಕೆ ಮಾತ್ರ. ಹಾಗಾಗಿ ಮಣಿ ಸುತ್ತೋ ಮುಂಚೆ ಜೊತೆಯಲ್ಲಿ ಒಂದನ್ನು ಮಗುಚಿ ಇಟ್ಟುಕೊಳ್ಳಬೇಕು. ನನಗಿದು ಎಷ್ಟು ರೂಢಿ ಅಂದ್ರೆ, ಇದು ಹೇಳಿಕೊಡಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ. ಅತ್ತಿಗೆ ತಂದಿದ್ದು 20 ಜೊತೆ ಅಲ್ಲ, 40 ಎಡಗಿವಿ.

ಹೇಗಪ್ಪಾ ಹೇಳೋದು ಅಂತ ಒಂದು ಗಂಟೆ ಒದ್ದಾಡಿದೆ. ಕೊನೆಗೆ "ಅತ್ತಿಗೆ, ಬೇಜಾರು ಮಾಡ್ಕೋಬೇಡಿ..." ಅಂತ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದಕ್ಕೇನೀಗ? ನೀನು 40 ಬಲಗಿವಿ ಮಾಡು. 20 ಜೊತೆ ಇದ್ದಿದ್ದು 40 ಜೊತೆ ಆಯ್ತಲ್ಲ. ವ್ಯಾಪಾರ ಬೆಳೆಸಬೇಕು ಅಂತಿದ್ದೆ, ಬೆಳೀತು" ಅಂದರು. ಇಷ್ಟು ದಿನ ಕೇಳಿದ ಸಲಹೆಗಳಲ್ಲಿ ಲೆಕ್ಕ ಸರಿಯಾಗಿ ಕೂತಿದ್ದು ಇದೊಂದೇ ಅಂದ್ರೆ ನಂಬ್ತೀರಾ?

ಅವತ್ತೇ ರಾತ್ರಿ ಅಂಗಡಿಯವರಿಗೆ ಬರೆದೆ. 60 ಆಗಲ್ಲ, 40 ಕೊಡ್ತೀನಿ, ಮೂರಲ್ಲ ಆರು ವಾರ ಬೇಕು, ಬೆಲೆಯೂ ಮೊದಲಿನದ್ದಲ್ಲ. ಅವರು ಜಗಳಕ್ಕೆ ಬಂದರೆ ಇರಲಿ ಅಂತ ಹನ್ನೆರಡು ಸಾಲಿನ ಸಮರ್ಥನೆಯನ್ನೂ ಬರೆದಿಟ್ಟುಕೊಂಡಿದ್ದೆ. "ಸರಿ" ಅಂತ ಒಂದೇ ಪದ ಬಂತು. ಹನ್ನೆರಡು ಸಾಲು ದಂಡವಾದದ್ದಕ್ಕೆ ಸ್ವಲ್ಪ ಬೇಜಾರೇ ಆಯಿತು.

ಅದೇ ಗುಂಗಿನಲ್ಲಿ ನನ್ನ 34 ಡಿಸೈನುಗಳನ್ನೂ ಹರಡಿಕೊಂಡು ಕೂತೆ. ಬೇಗ ಆಗುವವು ಯಾವುವು, ಜನ ಮತ್ತೆ ಮತ್ತೆ ಕೇಳಿದ್ದು ಯಾವುವು ಅಂತ ಗುರುತು ಹಾಕಿದೆ. ಎರಡೂ ಗುರುತು ಬಿದ್ದಿದ್ದು ಏಳಕ್ಕೆ. ಉಳಿದ 27ನ್ನು ತೆಗೆದಿಟ್ಟೆ. ಅದರಲ್ಲಿ ಆರು ಗಂಟೆ ಕೂತು ಮಾಡಿದ ಒಂದು ಸರ ಇದೆ, ಇವತ್ತಿನವರೆಗೆ ಒಬ್ಬರೂ ಬೆಲೆ ಕೂಡ ಕೇಳಿಲ್ಲ. ಅದನ್ನು ನಾನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಮೇಜು ಖಾಲಿಯಾಗಿದ್ದಕ್ಕೆ ಅತ್ತೆ ಖುಷಿಯಾಗಿದ್ದಾರೆ. ಕ್ಲಾಸ್ ವಿಷಯ ಅಕ್ಕ ಮತ್ತೆ ಎತ್ತಿದಳು. ಎಡಬಲ ಹೇಳಿಕೊಡೋದನ್ನೇ ಮರೆಯೋಳು ಕ್ಲಾಸ್ ಏನು ತೆಗೀತಾಳೆ ಅಂದೆ.

ಈಗ ದಿನಾ ರಾತ್ರಿ ಬಲಗಿವಿ ಮಾಡುತ್ತಿದ್ದೇನೆ. ಹನ್ನೊಂದು ಮುಗಿದಿತ್ತು. ನಿನ್ನೆ ನಿದ್ದೆಗಣ್ಣಲ್ಲಿ ಹನ್ನೆರಡನೆಯದಕ್ಕೆ ಮಣಿಯನ್ನೆಲ್ಲ ಸುತ್ತಿ, ಕೊಕ್ಕೆ ಹಾಕಿ, ಕನ್ನಡಿ ಮುಂದೆ ಹಿಡಿದು ನೋಡಿದರೆ, ಎಡಗಿವಿ.