ಬ್ರೋಕರ್ ಯಾರ ಕಡೆಯ ಜನ?

ಈ ಸಲ ಮಳೆಗಾಲ ಶುರುವಾಗುವ ಮೊದಲು ಉಡುಪಿ ಹತ್ತಿರದ ಅಲೆವೂರಿನ ನಮ್ಮ ಮನೆ ಮಾರಿದೆವು. ಅಪ್ಪ ಕಟ್ಟಿಸಿದ ಹಂಚಿನ ಮನೆ, ಹನ್ನೆರಡು ಸೆಂಟ್ಸ್ ಜಾಗ, ಒಂದು ಬಾವಿ. ರಿಜಿಸ್ಟ್ರಿಯ ದಿನ ನಮ್ಮ ಟೋಕನ್ ಬರುವುದಕ್ಕೆ ಇನ್ನೂ ಹೊತ್ತಿತ್ತು. ಕೊಂಡವರು ಕುಂದಾಪುರದ ಕಡೆಯವರು, ಒಳ್ಳೆ ಜನ. "ಬನ್ನಿ, ಒಂದು ಚಾ ಕುಡಿಯುವ" ಎಂದು ಎದುರಿನ ಹೋಟೆಲಿಗೆ ಕರೆದರು. ಗೋಳಿಬಜೆ ಬಂತು. ಅದನ್ನು ಚಟ್ನಿಗೆ ಅದ್ದುತ್ತಾ ಅವರು ಸುಮ್ನೆ ಕೇಳಿದರು, "ನೀವೂ ಎರಡು ಪರ್ಸೆಂಟ್ ಕೊಟ್ರಾ ಬ್ರೋಕರ್‌ಗೆ?"

ಕೊಟ್ಟಿದ್ದೆ. ಅವರೂ ಕೊಟ್ಟಿದ್ದರು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಬ್ರೋಕರ್ ನಮ್ಮ ಹತ್ತಿರ "ಪಾರ್ಟಿಗೆ ಇದಕ್ಕಿಂತ ಮೇಲೆ ಆಗುವುದೇ ಇಲ್ಲ ಸಾರ್, ಲೋನ್ ಸ್ಯಾಂಕ್ಷನ್ ಆದದ್ದೇ ಅಷ್ಟು" ಎಂದಿದ್ದ. ಅವರ ಹತ್ತಿರ "ಲಂಡನ್ನಿನ ಜನ, ದುಡ್ಡಿನ ತಾಪತ್ರಯ ಇಲ್ಲ, ಕೆಳಗೆ ಇಳಿಯುವುದಿಲ್ಲ, ಇನ್ನೊಂದು ಪಾರ್ಟಿ ರೆಡಿ ಉಂಟು" ಎಂದಿದ್ದ. ಅವರು ಲೋನಿಗೆ ಅರ್ಜಿಯೇ ಹಾಕಿರಲಿಲ್ಲ. ಇನ್ನೊಂದು ಪಾರ್ಟಿ ಇರಲೇ ಇಲ್ಲ. ನಾನು ಇರುವುದು ಲಂಡನ್ನಿನಲ್ಲೂ ಅಲ್ಲ, ಇಂಗ್ಲೆಂಡಿನ ರೆಡಿಂಗ್ ಎಂಬ ಊರಿನಲ್ಲಿ. ಇಬ್ಬರೂ ನಕ್ಕೆವು. ನನಗೆ ಒಳಗೊಳಗೇ ಉರಿಯಿತು.

ಸಂಜೆ ಅವನನ್ನೇ ಕೇಳಿದೆ. ಅವನಿಗೆ ಒಂಚೂರೂ ಮುಜುಗರ ಇಲ್ಲ. "ಎರಡೂ ಕಡೆಯಿಂದ ತೆಗೆದುಕೊಳ್ಳುವುದೇ ಅಲ್ವಾ ಸಾರ್ ಇಲ್ಲಿ? ನಿಮಗೆ ಗೊತ್ತಿಲ್ಲದ್ದೆಂತದು?" ಎಂದ. ಅದೂ ನಿಜವೇ. ಮದುವೆ ದಲ್ಲಾಳಿ ಎರಡೂ ಮನೆಯಲ್ಲಿ ಉಂಡು ಕೈ ತೊಳೆದ ಹಾಗೆ ಇದು. ಯಾರೂ ಕೇಳುವುದಿಲ್ಲ.

ರೆಡಿಂಗ್‌ನಲ್ಲಿ ನಾವು ಮನೆ ಕೊಂಡಾಗ ಬಂದ ಏಜೆಂಟ್ ಸಣ್ಣ ಪ್ರಾಯದ ಹುಡುಗ. ಚೂಪು ಬೂಟು, ಬಿಗಿಯಾದ ಸೂಟು, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಅಡುಗೆಮನೆಯ ಕಿಟಕಿ ತೆಗೆದಾಗ ಹಿತ್ತಲು ಕಾಣಿಸಿತು. ನನ್ನ ಹೆಂಡತಿ "ಇಲ್ಲಿ ಬಸಳೆ ಚಪ್ಪರ ಹಾಕಬಹುದು" ಎಂದಳು. ಕನ್ನಡದಲ್ಲೇ ಅಂದದ್ದು, ಆದರೆ ಮುಖ ನೋಡಿದರೆ ಯಾರಿಗಾದರೂ ಅರ್ಥ ಆಗುವಂತಿತ್ತು. ಮರುದಿನ ನಾವು ಸ್ವಲ್ಪ ಕಡಿಮೆಗೆ ಕೇಳಿದೆವು. "ನಿಮ್ಮ ಹೆಂಡತಿಗೆ ಮನೆ ತುಂಬಾ ಹಿಡಿಸಿದ ಹಾಗಿತ್ತಲ್ಲ" ಎಂದ ಆ ಹುಡುಗ. ನನಗೆ ಸಿಟ್ಟು ಬಂತು. ಅಲ್ಲಿ ನನಗಿಂತ ಹಳಬನಾದ ಕಾರ್ಕಳದ ಗೆಳೆಯನಿಗೆ ಹೇಳಿದರೆ ಅವನು ನನಗೇ ಬೈದ. "ಅವನು ಮಾರುವವನ ಕಡೆಯ ಜನ ಮಾರಾಯ. ನೀನು ಅವನಿಗೆ ಒಂದು ಪೌಂಡ್ ಕೊಡ್ಲಿಕ್ಕುಂಟಾ? ಮತ್ತೆಂತ ನಿನ್ನ ಸಿಟ್ಟು?"

ನನ್ನ ತಲೆಗೆ ಹತ್ತಿದ್ದು ಆ ಮಾತು. ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವವರು ಏಜೆಂಟ್‌ಗೆ ಸಾಮಾನ್ಯವಾಗಿ ಏನೂ ಕೊಡುವುದಿಲ್ಲ. ಅವನ ಕಮಿಷನ್ ಮಾರುವವರ ಲೆಕ್ಕ. ಹೆಚ್ಚಾಗಿ ಒಂದರಿಂದ ಒಂದೂವರೆ ಪರ್ಸೆಂಟ್, ಅದರ ಮೇಲೆ 20 ಪರ್ಸೆಂಟ್ ವ್ಯಾಟ್. ಎಷ್ಟು, ಯಾವಾಗ ಕೊಡಬೇಕು ಎಂದು ಮೊದಲೇ ಬರೆದು ಕೊಡಬೇಕು. ಯಾರು ಎಷ್ಟಕ್ಕೆ ಕೇಳಿದರೂ ಅದನ್ನು ತಡಮಾಡದೆ ಮಾರುವವರಿಗೆ ಬರಹದಲ್ಲಿ ತಿಳಿಸಬೇಕು. ತನ್ನ ಬಾವನಿಗೋ ತನಗೋ ಆ ಮನೆ ಬೇಕಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಬೇಕು. 1979ರ ಎಸ್ಟೇಟ್ ಏಜೆಂಟ್ಸ್ ಆ್ಯಕ್ಟ್ ಮತ್ತು ಅದರ ಕೆಳಗಿನ ನಿಯಮಗಳು ಇದನ್ನೆಲ್ಲ ಹೇಳುತ್ತವೆ. ತಕರಾರು ಬಂದರೆ ಹೋಗಲು ಒಂಬುಡ್ಸ್‌ಮನ್ ತರದ ವ್ಯವಸ್ಥೆ ಇದೆ. ಪ್ರತಿ ಏಜೆಂಟ್ ಅಂಥ ಒಂದಕ್ಕೆ ಸೇರಿರಲೇಬೇಕು.

ತಮಾಷೆ ಏನೆಂದರೆ ಅಲ್ಲಿ ಏಜೆಂಟ್ ಆಗಲು ಲೈಸೆನ್ಸ್ ಬೇಡ, ಪರೀಕ್ಷೆಯೂ ಇಲ್ಲ. ನಾಳೆ ನಾನೂ ಬೋರ್ಡ್ ಹಾಕಬಹುದು. ಅವರೇನು ಸತ್ಯಹರಿಶ್ಚಂದ್ರರಲ್ಲ. ಆದರೆ ಕಮಿಷನ್ ಕೊಡುವವರು ಒಬ್ಬರೇ, ಅದು ಕಾಗದದ ಮೇಲೆ ಇರುತ್ತದೆ. ಹಾಗಾಗಿ ಅವನ ಹತ್ತಿರ ಏನು ಹೇಳಬೇಕು, ಏನು ಹೇಳಬಾರದು ಎಂದು ನಮಗೂ ಗೊತ್ತಾಗುತ್ತದೆ. ಕೊಳ್ಳಲು ಹೋದವರು "ಇನ್ನೂ ಹತ್ತು ಸಾವಿರ ಏರಿಸಬಹುದು" ಎಂದು ಅವನ ಎದುರು ಬಾಯಿ ಬಿಡಬಾರದು. ನೇರ ಮಾರುವವರ ಕಿವಿಗೆ ಹೋಗುತ್ತದೆ. ಅಲ್ಲಿ ಮಾರಲು ಹೊರಟವರಿಗೆ ಇನ್ನೊಂದು ಕಿವಿಮಾತು: ಅಗ್ರಿಮೆಂಟ್‌ನಲ್ಲಿ 'ಸೋಲ್ ಏಜೆನ್ಸಿ' ಎಂದಿದೆಯೋ 'ಸೋಲ್ ಸೆಲ್ಲಿಂಗ್ ರೈಟ್ಸ್' ಎಂದಿದೆಯೋ ನೋಡಿ. ಎರಡನೆಯದಾದರೆ, ಕೊಳ್ಳುವವರನ್ನು ನೀವೇ ಹುಡುಕಿದರೂ ಅವನಿಗೆ ಕಮಿಷನ್ ಕೊಡಬೇಕು.

ಆದರೆ ನನಗೆ ನಿಜವಾಗಿ ಹೊಟ್ಟೆಕಿಚ್ಚು ಆಗುವುದು ಬೇರೆ ಸಂಗತಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗಳು ಎಷ್ಟಕ್ಕೆ ಮಾರಾಟ ಆದವು ಎಂಬುದು 1995ರಿಂದ ಈಚಿನದ್ದು ಲ್ಯಾಂಡ್ ರಿಜಿಸ್ಟ್ರಿಯ ಹತ್ತಿರ ಇದೆ. ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು, ಪುಕ್ಕಟೆ. ಮನೆ ನೋಡಲು ಹೋಗುವ ಮೊದಲೇ ನಾನು ಆ ಬೀದಿಯ ಒಂದೊಂದು ಮನೆಯ ರೇಟನ್ನೂ ನೋಡಿಕೊಂಡಿದ್ದೆ. ಮಾರುವವರು ಆ ಮನೆಯನ್ನು ಎಷ್ಟಕ್ಕೆ ಕೊಂಡಿದ್ದರು ಎಂಬುದೂ ಗೊತ್ತಿತ್ತು. ಏಜೆಂಟ್ ಹುಡುಗ ಏನು ಬಣ್ಣ ಹಚ್ಚಿದರೂ ಒಂದು ಅಂದಾಜಿನ ಒಳಗೇ ಹಚ್ಚಬೇಕು.

ಉಡುಪಿಯಲ್ಲಿ? ಸರಕಾರದ ಮಾರ್ಗಸೂಚಿ ದರ ಒಂದು, ಪತ್ರದಲ್ಲಿ ಬರೆಸಿದ್ದು ಒಂದು, ನಿಜವಾಗಿ ಕೈ ಬದಲಾದದ್ದು ಇನ್ನೊಂದು. ಇಂದ್ರಾಳಿಯಲ್ಲಿ ಸೆಂಟ್ಸಿಗೆ ಎಷ್ಟು, ಸಂತೆಕಟ್ಟೆಯಲ್ಲಿ ಎಷ್ಟು, ಪರ್ಕಳದಲ್ಲಿ ಎಷ್ಟು ಎಂದು ಕೇಳಿದರೆ ಬಾಯಿಗೊಂದು ರೇಟು. "ಮೊನ್ನೆ ನಮ್ಮದೇ ಒಂದು ಡೀಲ್ ಆಯ್ತು ಸಾರ್" ಎಂದು ಬ್ರೋಕರ್ ಹೇಳಿದರೆ ನಂಬದೆ ಬೇರೆ ದಾರಿ ಇಲ್ಲ. ಅವನ ಬಂಡವಾಳವೇ ಅದು. ರೇಟು ಎಲ್ಲರಿಗೂ ಕಾಣುವಂತಿದ್ದರೆ ನಮಗೊಂದು, ಅವರಿಗೊಂದು ಹೇಳಲು ಅವನಿಗೆ ಜಾಗವೇ ಇರುತ್ತಿರಲಿಲ್ಲ.

ಇದರ ಜೊತೆಗೆ ಬ್ಲ್ಯಾಕು, ವೈಟು. "ಇಷ್ಟು ಪತ್ರದಲ್ಲಿ ಹಾಕುವ, ಉಳಿದದ್ದು ಕೈಯಲ್ಲಿ" ಎಂಬ ಮಾತು ಎರಡನೇ ಭೇಟಿಯಲ್ಲಿ ಬಂದೇ ಬರುತ್ತದೆ. ಜಾಗ, ಮನೆಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಜಾಸ್ತಿ ನಗದು ತೆಗೆದುಕೊಳ್ಳಬಾರದು ಎಂಬ ಕಾನೂನು 2015ರಲ್ಲೇ ಬಂದಿದೆ. ಕಾನೂನು ಬಿಡಿ, ನಮ್ಮಂಥ ಹೊರಗಿರುವವರಿಗೆ ಆ ನಗದನ್ನು ಏನು ಮಾಡುವುದು ಎಂಬುದೇ ತಲೆನೋವು. ಬ್ಯಾಂಕಿನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಊರಿನ ದುಡ್ಡು ಇಡುವ ಖಾತೆ) ಬಂದು, ತೆರಿಗೆ ಕಟ್ಟಿ, ಆಡಿಟರ್ ಸಹಿ ಬಿದ್ದ ದುಡ್ಡು ಮಾತ್ರ ಹೊರಗೆ ಹೋಗುತ್ತದೆ. ಅದಕ್ಕೂ ವರ್ಷಕ್ಕೆ 10 ಲಕ್ಷ ಡಾಲರ್‌ನ ಮಿತಿ. ನಮ್ಮ ಹಂಚಿನ ಮನೆಗೆ ಆ ಮಿತಿಯ ಚಿಂತೆ ಇರಲಿಲ್ಲ ಬಿಡಿ.

ತೆರಿಗೆಯ ವಿಷಯದಲ್ಲಿ ಬ್ರೋಕರ್ ಮಾತು ಕೇಳಲೇಬೇಡಿ. ಊರಲ್ಲೇ ಇರುವವರು 50 ಲಕ್ಷ ಅಥವಾ ಮೇಲಿನ ಮನೆ ಮಾರಿದರೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್, ಅಂದರೆ ಕೊಡುವ ದುಡ್ಡಿನಿಂದಲೇ ಮುರಿದು ಕಟ್ಟುವ ತೆರಿಗೆ, ಹಿಡಿಯಬೇಕು. ಮಾರುವವರು ಅನಿವಾಸಿ ಆದರೆ ಆ 50 ಲಕ್ಷದ ಲೆಕ್ಕವೇ ಇಲ್ಲ. ಎರಡು ವರ್ಷಕ್ಕಿಂತ ಹಳೆಯ ಆಸ್ತಿಗೆ ಲಾಭದ ಮೇಲೆ ದರ 12.5 ಪರ್ಸೆಂಟ್, ಮೇಲೆ ಸರ್ಚಾರ್ಜ್, ಸೆಸ್. ಲಾಭ ಎಷ್ಟೆಂದು ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಪೂರ್ತಿ ಮೊತ್ತದ ಮೇಲೆಯೇ ಹಿಡಿಯುತ್ತಾರೆ. ತಪ್ಪಿಸಬೇಕಾದರೆ ಮಾರುವವರು ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಟಿಡಿಎಸ್‌ನ ಸರ್ಟಿಫಿಕೇಟ್ ತರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಅಗ್ರಿಮೆಂಟ್ ಆದ ಕೂಡಲೇ ಆಡಿಟರ್ ಹತ್ತಿರ ಹೋಗಿ. "ಅದೆಲ್ಲ ಬೇಡ ಸಾರ್, ನಿಮ್ಮ ಆಧಾರ್ ಉಂಟಲ್ಲ, ಲೋಕಲ್ ಅಂತ ಹಾಕುವ" ಎಂದು ನಮ್ಮವನು ಹೇಳಿದ. ಸಿಕ್ಕಿಬೀಳುವುದು ಅವನಲ್ಲ, ಕೊಂಡವರು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಬಂದಿದೆಯಲ್ಲ ಎನ್ನುವವರು ಇದ್ದಾರೆ. 2016ರ ಕಾಯ್ದೆ ಏಜೆಂಟರು ನೋಂದಾಯಿಸಿಕೊಳ್ಳಬೇಕು ಎನ್ನುವುದು ಹೌದು, ಆದರೆ ಅದು ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ಗಳಲ್ಲಿ ಬಿಲ್ಡರ್ ಮಾರುವ ಫ್ಲ್ಯಾಟು, ಸೈಟುಗಳಿಗೆ. ಮಣಿಪಾಲದಲ್ಲಿ ಹೊಸ ಅಪಾರ್ಟ್‌ಮೆಂಟ್ ನೋಡುತ್ತಿದ್ದರೆ ಏಜೆಂಟ್‌ನ ರೇರಾ ನಂಬರ್ ಕೇಳಿ, ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅಲೆವೂರಿನ ಹಳೇ ಹಂಚಿನ ಮನೆಗೆ ಅದು ಬರುವುದಿಲ್ಲ.

ಹಾಗಾದರೆ ಊರಲ್ಲಿ ಮಾಡುವುದೇನು? ಇಂಗ್ಲೆಂಡಿನ ಆ ಒಂದು ಪದ್ಧತಿಯನ್ನು ಕೈಯಾರೆ ತರುವುದು. ಬ್ರೋಕರ್‌ನ ಹತ್ತಿರ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆಸಿ: ಎಷ್ಟು ಪರ್ಸೆಂಟ್, ಯಾವಾಗ, ಎದುರು ಪಾರ್ಟಿಯಿಂದಲೂ ತೆಗೆದುಕೊಳ್ಳುತ್ತಾನೋ ಇಲ್ಲವೋ. ಎರಡೂ ಕಡೆಯಿಂದ ಬೇಕು ಎಂದರೆ ನಿಮ್ಮ ಪಾಲು ಕಡಿಮೆ ಮಾಡಿಸಿ. ಮುಖ ಗಂಟಿಕ್ಕುತ್ತಾನೆ, ಗಂಟಿಕ್ಕಲಿ. ರೇಟಿನ ಮಾತು ಬಂದಾಗ ಎದುರು ಪಾರ್ಟಿಯನ್ನು ನೀವೇ ಒಮ್ಮೆ ಕೂರಿಸಿ ಮಾತಾಡಿ. ಗೋಳಿಬಜೆ ರಿಜಿಸ್ಟ್ರಿಯ ದಿನಕ್ಕೆ ಕಾಯುವುದು ಬೇಡ. ಮೂಲ ಪತ್ರಗಳನ್ನು ಬ್ರೋಕರ್‌ನ ಕೈಗೆ ಕೊಡಬೇಡಿ, ಜೆರಾಕ್ಸ್ ಸಾಕು. ಇ.ಸಿ.ಯನ್ನು (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆಯಬಹುದು. ಪಂಚಾಯತ್ ವ್ಯಾಪ್ತಿಯಾದರೆ ನಮೂನೆ 9 ಮತ್ತು 11 (ಪಂಚಾಯತ್ ಕೊಡುವ ಆಸ್ತಿ ದಾಖಲೆಗಳು), ಕೃಷಿ ಜಾಗವನ್ನು ಮನೆ ಜಾಗ ಮಾಡಿದ ಕನ್ವರ್ಶನ್ ಆದೇಶ, ಪಹಣಿಯ ಒಂದು ತುಂಡನ್ನು ಮಾತ್ರ ಮಾರುವುದಾದರೆ ಆ ತುಂಡಿನ ಸರ್ವೆ ನಕ್ಷೆ, ಅಂದರೆ 11ಇ ನಕ್ಷೆ. ಇವು ಇಲ್ಲದೆ ಅಡ್ವಾನ್ಸ್ ಕೊಡಲೂ ಹೋಗಬೇಡಿ, ತೆಗೆದುಕೊಳ್ಳಲೂ ಹೋಗಬೇಡಿ. ಬರಲಾಗದಿದ್ದರೆ ಪವರ್ ಆಫ್ ಅಟಾರ್ನಿ ತಮ್ಮನಿಗೋ ತಂಗಿಗೋ ಕೊಡಿ, ಬ್ರೋಕರ್‌ಗೆ ಖಂಡಿತ ಬೇಡ. ವಿದೇಶದಲ್ಲಿ ಬರೆದದ್ದಾದರೆ ನಮ್ಮ ರಾಯಭಾರ ಕಚೇರಿಯ ಮುದ್ರೆ ಹಾಕಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು.

ಇಂಗ್ಲೆಂಡಿನಲ್ಲಿ ಮಾರುವವರು ತುಂಬುವ ಒಂದು ಫಾರ್ಮ್ ಇದೆ. ನೆರೆಮನೆಯವರ ಜೊತೆ ಜಗಳ ಏನಾದರೂ ಉಂಟಾ ಎಂದು ಅದರಲ್ಲಿ ಕೇಳುತ್ತಾರೆ. ಸುಳ್ಳು ಬರೆದರೆ ಆಮೇಲೆ ಕೋರ್ಟಿಗೆ ಎಳೆಯಬಹುದು. ನಮ್ಮ ಅಮ್ಮನಿಗೆ ಆ ಫಾರ್ಮ್ ಕೊಟ್ಟಿದ್ದರೆ ಹೆಚ್ಚುವರಿ ಹಾಳೆ ಬೇಕಾಗುತ್ತಿತ್ತು. ಗಡಿಕಲ್ಲು, ಹಲಸಿನ ಗೆಲ್ಲು, ಆಚೆ ಮನೆಯ ಬಚ್ಚಲ ನೀರು, 1990ರ ದಶಕದಿಂದ ಶುರು ಮಾಡುತ್ತಿದ್ದರು.

ಇಷ್ಟು ಬರೆದ ಮೇಲೆ ಇನ್ನೊಂದು ಬದಿಯನ್ನೂ ಹೇಳದೆ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆ ಮುಂದೆ ಮಾರಾಟವಾಯಿತು ಎಂಬ ಬೋರ್ಡ್ ಬಿದ್ದ ಮೇಲೂ ಅದು ಮಾರಾಟ ಆದ ಹಾಗಲ್ಲ. ಎರಡೂ ಕಡೆಯವರು ಸಹಿ ಹಾಕಿದ ಕಾಂಟ್ರಾಕ್ಟನ್ನು ಪರಸ್ಪರ ಕೊಟ್ಟುಕೊಳ್ಳುವ ತನಕ ಯಾರು ಬೇಕಾದರೂ ಕೈಕೊಡಬಹುದು, ದಂಡವೂ ಇಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಇನ್ನೊಬ್ಬರು ಜಾಸ್ತಿ ಕೊಡುತ್ತೇನೆ ಎಂದರೆ ಮಾರುವವರು ಆ ಕಡೆ ವಾಲಬಹುದು. ಅದಕ್ಕೆ ಗಜಂಪಿಂಗ್ ಎಂದು ಹೆಸರು ಬೇರೆ. ಕಾರ್ಕಳದ ಗೆಳೆಯನೇ ಒಮ್ಮೆ ಹೀಗೆ ಮನೆ ಕಳೆದುಕೊಂಡ. ಸರ್ವೇಯರ್‌ಗೆ, ಸಾಲಿಸಿಟರ್‌ಗೆ ಕೊಟ್ಟ ದುಡ್ಡೂ ಹೋಯಿತು. ಏಜೆಂಟ್ ಒಂದು ಮೇಲ್ ಕಳಿಸಿ ವಿಷಾದ ಹೇಳಿದ, ಅಷ್ಟೇ. ಊರಲ್ಲಿ ಅಡ್ವಾನ್ಸ್ ಕೈಗೆ ಬಂದ ಮೇಲೆ ಮಾತು ತಪ್ಪಿದರೆ ಊರಿಡೀ ಗೊತ್ತಾಗುತ್ತದೆ, ಬ್ರೋಕರೇ ಗೊತ್ತು ಮಾಡುತ್ತಾನೆ.

ನಮ್ಮ ಜಾಗದ ಮೂಲೆಯಲ್ಲಿ ನಾಗಬನ ಇತ್ತು. ಪಾಲುಪಟ್ಟಿಯಲ್ಲಿ ಜಾಗ ಅಪ್ಪನಿಗೆ ಬಂದದ್ದು, ಬನ ಕುಟುಂಬದ್ದು. ದೊಡ್ಡಪ್ಪನ ಮಕ್ಕಳಲ್ಲಿ ಇಬ್ಬರು ಮುಂಬಯಿಯಲ್ಲಿ, ಅವರು ಫೋನ್ ಎತ್ತುವುದಿಲ್ಲ. ಕಟಪಾಡಿಯ ದೊಡ್ಡತ್ತೆ "ನಾಗನನ್ನು ಮಾರ್ತೀರಾ?" ಎಂದು ಹಟ ಹಿಡಿದು ಕೂತರು. ನಾನು ರೆಡಿಂಗ್‌ನಿಂದ ಎಷ್ಟು ವಿವರಿಸಿದರೂ ಕೇಳಲಿಲ್ಲ. ನಮ್ಮ ಬ್ರೋಕರ್ ಒಂದು ಮಧ್ಯಾಹ್ನ ಅವರ ಮನೆಗೆ ಹೋದ. ಮಟ್ಟು ಗುಳ್ಳದ ಸಾಂಬಾರು ಉಂಡ. ಅತ್ತೆಯ ಮೊಣಕಾಲು ನೋವಿನ ಕಥೆ ಪೂರ್ತಿ ಕೇಳಿದ. ಹಾಗೆ ಎಷ್ಟು ಸಲ ಹೋದನೋ ನನಗೆ ಗೊತ್ತಿಲ್ಲ. ಕೊನೆಗೆ ಅತ್ತೆಯನ್ನು ತನ್ನ ಕಾರಿನಲ್ಲೇ ಕರೆತಂದು ಸಹಿ ಹಾಕಿಸಿದ, ಮುಂಬಯಿಯವರನ್ನು ಒಪ್ಪಿಸಿದ್ದೂ ಅತ್ತೆಯ ಮೂಲಕವೇ. ಆ ಸೂಟಿನ ಹುಡುಗ ಇದನ್ನು ಮಾಡುತ್ತಿದ್ದನಾ? ಆಫೀಸ್ ಟೈಮ್ ಮುಗಿಯಿತು ಎನ್ನುತ್ತಿದ್ದ.

ಬನದ ಜಾಗವನ್ನು ಬಿಟ್ಟು ಉಳಿದದ್ದನ್ನು ಮಾರುವುದು, ಬನಕ್ಕೆ ಹೋಗಿಬರಲು ಕುಟುಂಬದವರಿಗೆ ಮೂರು ಅಡಿ ದಾರಿ ಎಂದು ಕ್ರಯಪತ್ರದಲ್ಲೇ ಬರೆಸುವುದು, ಇದೂ ಅವನದೇ ಉಪಾಯ. ವಕೀಲರ ಕರಡಿನಲ್ಲಿ ಅದು ಇರಲಿಲ್ಲ. ನಾಗರಪಂಚಮಿಗೆ ತಮ್ಮ ಹೋಗಿ ನಾಗನಿಗೆ ತನು (ಹಾಲು, ಎಳನೀರು) ಹಾಕಿ ಬಂದ. ಕುಂದಾಪುರದವರು ದಾರಿಯ ಹುಲ್ಲು ತೆಗೆಸಿ ಇಟ್ಟಿದ್ದರಂತೆ. ಬ್ರೋಕರ್ ನನಗೆ ಈಗಲೂ ಬೆಳಿಗ್ಗೆ ಗುಡ್ ಮಾರ್ನಿಂಗ್ ಮೆಸೇಜ್ ಕಳಿಸುತ್ತಾನೆ, ಕಮಿಷನ್‌ಗೆ ರಶೀದಿ ಮಾತ್ರ ಇನ್ನೂ ಕೊಟ್ಟಿಲ್ಲ.