ನಾಟಕ ಮುಗಿಯುವ ಹೊತ್ತನ್ನು ಯಾರೂ ಏಕೆ ಹೇಳುವುದಿಲ್ಲ?

ಬೆಂಗಳೂರಿನಲ್ಲಿ ನಾಟಕ ಆಡಿಸುವವರು ಟಿಕೆಟ್ಟಿನ ಮೇಲೆ, ಕರಪತ್ರದ ಮೇಲೆ, ವಾಟ್ಸಾಪಿನಲ್ಲಿ ಹಂಚುವ ಪೋಸ್ಟರಿನ ಮೇಲೆ ನಾಟಕ ಶುರುವಾಗುವ ಹೊತ್ತನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತಾರೆ. ರಂಗಸಜ್ಜಿಕೆ ಯಾರದು, ಬೆಳಕು ಯಾರದು, ಪ್ರಸಾಧನ ಯಾರದು ಎಂಬುದೆಲ್ಲ ಅಲ್ಲಿರುತ್ತದೆ. ಮುಗಿಯುವುದು ಎಷ್ಟು ಹೊತ್ತಿಗೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ, ಕೇಳಿದರೆ ಹೇಳುವವರೂ ಇಲ್ಲ. ಸ್ವಂತ ಕಾರಿನಲ್ಲಿ ಬಂದವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಆದರೆ ಬೇರೆ ಊರಿನಿಂದ ಬಂದು, ಲಾಡ್ಜಿನಲ್ಲಿ ಇಳಿದುಕೊಂಡು, ನಾಟಕ ನೋಡಿಕೊಂಡು, ರಾತ್ರಿ ಹೊತ್ತು ಆ ಲಾಡ್ಜಿನ ಬಾಗಿಲು ಮುಟ್ಟಬೇಕಾದ ಹೆಂಗಸರ ಕ್ಷೇಮವೆಲ್ಲ ನಿಂತಿರುವುದು ಅದೊಂದು ಸಂಗತಿಯ ಮೇಲೆ. ಅದನ್ನು ಹೇಳದೆ ನಮ್ಮಿಂದ ಹಣ ಪಡೆಯುವುದು ಬೇಜವಾಬ್ದಾರಿತನ ಎಂದು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ನಾನು ಸಾಗರದವಳು. ಹೆಗ್ಗೋಡಿನ ನೀನಾಸಮ್ ಹತ್ತಿರದಲ್ಲೇ ಇರುವುದರಿಂದ ಚಿಕ್ಕಂದಿನಿಂದಲೂ ನಾಟಕ ನೋಡುತ್ತ ಬೆಳೆದವಳು. ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ಮೇಲೆ, ನೋಡಲೇಬೇಕೆನಿಸಿದ ನಾಟಕವೊಂದು ಬೆಂಗಳೂರಿನಲ್ಲಿದೆ ಎಂದು ತಿಳಿದರೆ ನನ್ನ ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ಹೊರಡುತ್ತೇನೆ. ನೆಂಟರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಬಾಗಿಲು ತಟ್ಟುವುದಕ್ಕೆ ಮನಸ್ಸಾಗುವುದಿಲ್ಲ. ಬೆಳಿಗ್ಗೆ ಬಸ್ಸು ಹಿಡಿಯುವುದಕ್ಕೂ ಅನುಕೂಲವೆಂದು ಮೆಜೆಸ್ಟಿಕ್ ಬಸ್ ನಿಲ್ದಾಣದ ಹತ್ತಿರದ ಗಾಂಧಿನಗರದಲ್ಲಿ ಒಂದು ಕೋಣೆ ಮಾಡುತ್ತೇವೆ. ಕಳೆದ ತಿಂಗಳು ಹಾಗೆಯೇ ಹೋಗಿದ್ದೆವು. ಜೆ.ಸಿ. ರಸ್ತೆಯ ಕಡೆಯ ರಂಗಮಂದಿರವೊಂದರಲ್ಲಿ ಪ್ರದರ್ಶನ, ಟಿಕೆಟ್ಟಿನ ಮೇಲೆ ಸಂಜೆ ಆರೂವರೆ ಎಂದಿತ್ತು. ಎರಡು ಗಂಟೆಯ ನಾಟಕವಾದರೂ ಒಂಬತ್ತಕ್ಕೆ ಮೊದಲೇ ಹೊರಬೀಳಬಹುದು, ಊಟ ಮಾಡಿ ಹತ್ತರೊಳಗೆ ಕೋಣೆ ಸೇರಬಹುದು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ.

ಆರೂವರೆಗೆ ಶುರುವಾದದ್ದು ನಾಟಕವಲ್ಲ, ಸಭಾ ಕಾರ್ಯಕ್ರಮ. ಅದೂ ಆರೂವರೆಗಲ್ಲ, ಮುಖ್ಯ ಅತಿಥಿಗಳು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿಸಿದ ಮೇಲೆ. ಪ್ರಾರ್ಥನೆ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಆಮೇಲೆ ವೇದಿಕೆಯ ಮೇಲಿದ್ದ ಪ್ರತಿಯೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಹಾರ ಹಾಕಿದವರು ಕ್ಯಾಮೆರಾದವನ ಕಡೆ ತಿರುಗಿ ನಿಲ್ಲುತ್ತಿದ್ದರು, ಫ್ಲ್ಯಾಶ್ ಹೊಡೆಯಲಿಲ್ಲವೆಂದು ಒಬ್ಬರು ಹಾರವನ್ನು ತೆಗೆದು ಮತ್ತೊಮ್ಮೆ ಹಾಕಿದರು. ಸಮಯದ ಅಭಾವದಿಂದ ಎರಡೇ ಮಾತು ಎಂದು ಎದ್ದು ನಿಂತವರು ಇಪ್ಪತ್ತು ನಿಮಿಷ ಮಾತಾಡಿದರು. ನಾಟಕದ ಮೊದಲ ಬೆಳಕು ಬಿದ್ದಾಗ ಎಂಟಕ್ಕೆ ಹತ್ತು ನಿಮಿಷ ಉಳಿದಿತ್ತು. ಹಿರಿಯ ಕಲಾವಿದರನ್ನು ಗೌರವಿಸುವುದು ಬೇಡವೆಂದು ನಾನು ಹೇಳುವವಳಲ್ಲ. ಆದರೆ ಆ ಒಂದು ಗಂಟೆ ಇಪ್ಪತ್ತು ನಿಮಿಷವನ್ನು ಸಂಘಟಕರು ತಮ್ಮ ಕೈಯಿಂದ ಕೊಡಲಿಲ್ಲ. ನಮ್ಮ ರಾತ್ರಿಯಿಂದ ಕಿತ್ತುಕೊಂಡರು, ಮತ್ತು ಕಿತ್ತುಕೊಳ್ಳುವಾಗ ಸಭಾಂಗಣದಲ್ಲಿ ಕೂತಿದ್ದ ಯಾರೊಬ್ಬರ ಮುಖವನ್ನೂ ನೋಡಲಿಲ್ಲ.

ಹೊತ್ತಿಗೆ ಸರಿಯಾಗಿ ಶುರು ಮಾಡುವುದು ಈ ಊರಿನಲ್ಲಿ ಆಗದ ಮಾತು ಎನ್ನುವವರಿಗೆ ಜೆ.ಪಿ. ನಗರದ ರಂಗಶಂಕರದ ಕಡೆ ಕೈ ತೋರಿಸುತ್ತೇನೆ. 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರದಲ್ಲಿ ಏಳೂವರೆ ಎಂದರೆ ಏಳೂವರೆಯೇ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂಬುದು ನಾಟಕ ನೋಡುವ ಎಲ್ಲರಿಗೂ ಗೊತ್ತು. ಅಲ್ಲಿ ನಡೆಯುವ ಶಿಸ್ತು ನಾಲ್ಕಾರು ಕಿಲೋಮೀಟರ್ ಈಚೆಗೆ ಬಂದ ಕೂಡಲೇ ಅಸಾಧ್ಯವಾಗಿಬಿಡಲು ಕಾರಣವೇನು?

ನಾಟಕ ಚೆನ್ನಾಗಿತ್ತು, ಆ ಹುಡುಗರ ಶ್ರಮಕ್ಕೆ ನನ್ನ ನಮಸ್ಕಾರವಿದೆ. ಆದ್ದರಿಂದಲೇ ಮುಂದಿನದ್ದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಒಂಬತ್ತೂಕಾಲು ದಾಟುತ್ತಿದ್ದಂತೆ ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಮೊಬೈಲು ಬೆಳಗತೊಡಗಿತು. ಮಡಚುವ ಕುರ್ಚಿಗಳು ಒಂದೊಂದಾಗಿ ಟಪ್ಪೆಂದು ಮೇಲೇಳುತ್ತಿದ್ದವು. ಎದ್ದವರಲ್ಲಿ ಹೆಚ್ಚಿನವರು ಹೆಂಗಸರು, ಕಾಲೇಜಿನ ಹುಡುಗಿಯರು, ವಯಸ್ಸಾದವರು. ಬ್ಯಾಗನ್ನು ಎದೆಗೆ ಒತ್ತಿಕೊಂಡು, ಬಗ್ಗಿಕೊಂಡು, ಸಾಲಿನಲ್ಲಿ ಕೂತವರ ಕ್ಷಮೆ ಕೇಳುತ್ತ ಹೊರಗೆ ಹೋಗುತ್ತಿದ್ದರು. ನಾಟಕದ ಕೊನೆಯ ದೃಶ್ಯಕ್ಕೆ ಬರುವ ಹೊತ್ತಿಗೆ ನಮ್ಮ ಮುಂದಿನ ಎರಡು ಸಾಲು ಅರ್ಧಕ್ಕರ್ಧ ಖಾಲಿಯಾಗಿತ್ತು. ತಿಂಗಳುಗಟ್ಟಲೆ ತಾಲೀಮು ಮಾಡಿದ ನಟಿ ತನ್ನ ಅತ್ಯುತ್ತಮ ಮಾತುಗಳನ್ನು ಎದ್ದು ಹೋಗುತ್ತಿರುವವರ ಬೆನ್ನಿಗೆ ಹೇಳುತ್ತಿದ್ದಳು. ಕನ್ನಡ ನಾಟಕಕ್ಕೆ ಜನ ಬರುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಗೋಳಾಡುವವರು, ಬಂದ ಜನರನ್ನು ಹೀಗೆ ಅರ್ಧಕ್ಕೆ ಎಬ್ಬಿಸಿ ಕಳುಹಿಸುತ್ತಿರುವುದು ತಮ್ಮ ಭಾಷಣಗಳೇ ಎಂಬುದನ್ನು ಯಾವಾಗ ತಿಳಿದುಕೊಳ್ಳುತ್ತಾರೆ?

ನಾವು ಕೊನೆಯವರೆಗೂ ಕೂತು ಹೊರಗೆ ಬಂದಾಗ ಹತ್ತಕ್ಕೆ ಐದು ನಿಮಿಷವಿತ್ತು. ಜೆ.ಸಿ. ರಸ್ತೆಯನ್ನು ಹಗಲಿನಲ್ಲಿ ಕಂಡವರಿಗೆ ಅದು ವಾಹನದ ಬಿಡಿಭಾಗಗಳ ಅಂಗಡಿಗಳ ರಸ್ತೆ ಎಂದು ಗೊತ್ತು, ನಿಲ್ಲುವುದಕ್ಕೂ ಜಾಗವಿಲ್ಲದಷ್ಟು ಜನ. ಆ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಅಲ್ಲಿ ಬೆಳಕು ಬರುವ ಒಂದು ಕಿಟಕಿಯೂ ಇರುವುದಿಲ್ಲ, ಉದ್ದಕ್ಕೂ ಶಟರುಗಳು. ಪಾದಚಾರಿ ಮಾರ್ಗದ ಮೇಲೆ ಎಣ್ಣೆಯ ಕಲೆ, ಕಿತ್ತುಹೋದ ಚಪ್ಪಡಿ, ಅಡ್ಡ ನಿಲ್ಲಿಸಿದ ಸ್ಕೂಟರುಗಳು. ಕಾರುಗಳಲ್ಲಿ ಬಂದವರು ಐದು ನಿಮಿಷದಲ್ಲಿ ಹೊರಟುಹೋದರು, ಅತಿಥಿಗಳೂ ಸಂಘಟಕರೂ ಅವರ ಜೊತೆಯಲ್ಲೇ. ಗೇಟಿನ ದೀಪ ಆರಿತು. ಇನ್ನೂ ಹತ್ತು ಹನ್ನೆರಡು ಮಂದಿ ಗೇಟಿನ ಬಳಿ ನಿಂತಿದ್ದೆವು, ಅದರಲ್ಲಿ ಗಂಡಸರು ಇಬ್ಬರೋ ಮೂವರೋ ಇದ್ದರು. ಯಾರೂ ಬಂದು ನಿಮಗೆ ಹೋಗುವುದಕ್ಕೆ ವ್ಯವಸ್ಥೆ ಇದೆಯೇ ಎಂದು ಕೇಳಲಿಲ್ಲ. ಕಾವಲುಗಾರ ಮಾತ್ರ, ಗೇಟು ಹಾಕಬೇಕು, ಸ್ವಲ್ಪ ಆ ಕಡೆ ನಿಲ್ಲಿ ಎಂದ.

ಮೆಟ್ರೋ ಇದೆಯಲ್ಲ ಎಂದು ಸುಲಭವಾಗಿ ಹೇಳುವವರಿದ್ದಾರೆ. ಇದೆ, ಆ ಹೊತ್ತಿಗೆ ರೈಲೂ ಇರುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಹತ್ತಿದರೆ ಚಿಕ್ಕಪೇಟೆ, ಅದರ ಮುಂದಿನದೇ ಮೆಜೆಸ್ಟಿಕ್. ಆದರೆ ರಂಗಮಂದಿರದಿಂದ ಮಾರುಕಟ್ಟೆಯ ನಿಲ್ದಾಣದವರೆಗೆ ಟೌನ್ ಹಾಲ್ ದಾಟಿಕೊಂಡು, ಮೇಲ್ಸೇತುವೆಯ ಬುಡದಲ್ಲಿ, ಮೂಟೆಗಳೂ ಕೈಗಾಡಿಗಳೂ ಅವುಗಳ ಮರೆಯಲ್ಲಿ ಕುಡಿದು ಬಿದ್ದವರೂ ಇರುವ ದಾರಿಯಲ್ಲಿ ಸುಮಾರು ಒಂದು ಕಿಲೋಮೀಟರ್ ನಡೆದುಹೋಗು ಎಂದು ಅವರು ತಮ್ಮ ಮನೆಯ ಹೆಂಗಸರಿಗೆ ಹೇಳುತ್ತಾರೆಯೇ? ಐಪಿಎಲ್ ಪಂದ್ಯವಿದ್ದ ದಿನ ಕೊನೆಯ ರೈಲಿನ ಹೊತ್ತನ್ನೇ ಮುಂದಕ್ಕೆ ಹಾಕಿ ಪ್ರಕಟಣೆ ಹೊರಡಿಸುತ್ತಾರೆ, ಅದು ಒಳ್ಳೆಯದೇ. ನಾಟಕದವರಿಗೆ ರೈಲಿನ ಹೊತ್ತು ಬದಲಾಯಿಸುವ ಅಗತ್ಯವೂ ಇಲ್ಲ. ಆ ಒಂದು ಕಿಲೋಮೀಟರಿಗೆ ಬೆಳಕು ಮತ್ತು ಒಬ್ಬ ಪೊಲೀಸ್ ಪೇದೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿದೆ, ನಮ್ಮಂಥವರಿಗೆ ಅದರಿಂದ ನಿಜವಾಗಿಯೂ ಉಪಕಾರವಾಗಿದೆ. ಆದರೆ ನಾವು ನಿಂತಿದ್ದಷ್ಟು ಹೊತ್ತು ಮೆಜೆಸ್ಟಿಕ್ ಕಡೆಗೆ ಒಂದು ಬಸ್ಸೂ ಬರಲಿಲ್ಲ.

ಇನ್ನು ಆಟೋ. 2025ರ ಆಗಸ್ಟ್ ತಿಂಗಳಿನಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅದರ ಒಂದೂವರೆ ಪಟ್ಟು. ಅಲ್ಲಿಂದ ಗಾಂಧಿನಗರಕ್ಕೆ ನಾಲ್ಕು ಕಿಲೋಮೀಟರ್ ಎಂದೇ ಹಿಡಿದರೂ 72 ರೂಪಾಯಿ ಆಗಬೇಕು, ಒಂದೂವರೆ ಹಾಕಿದರೆ 108. ನಿಲ್ಲಿಸಿದ ಮೊದಲನೆಯವನು ಮೀಟರಿನ ಮೇಲೆ ಬಟ್ಟೆ ಮುಚ್ಚಿಕೊಂಡೇ ಮುನ್ನೂರು ಎಂದ. "ಅಲ್ಲಿಂದ ಖಾಲಿ ಬರ್ಬೇಕು ಮೇಡಂ, ಬೇಕಾದ್ರೆ ಹತ್ತಿ" ಎಂದು ನಮ್ಮ ಮುಖ ನೋಡದೆಯೇ ಹೇಳಿ ಹೊರಟುಹೋದ. ರಾತ್ರಿ ಹತ್ತು ಗಂಟೆಗೆ ಮೆಜೆಸ್ಟಿಕ್ಕಿನಿಂದ ಖಾಲಿ ಬರುವ ಆಟೋ ಯಾವುದು? ಆ್ಯಪಿನಲ್ಲಿ ಕರೆದರೆ ಒಪ್ಪಿಕೊಂಡವನು ಫೋನ್ ಮಾಡಿ ಎಲ್ಲಿಗೆ ಎಂದು ಕೇಳುವುದು, ಆ್ಯಪ್ ತೋರಿಸಿದ್ದರ ಮೇಲೆ ನೂರು ರೂಪಾಯಿ ಕೊಡುತ್ತೀರಾ ಎನ್ನುವುದು, ಆಮೇಲೆ ಕ್ಯಾನ್ಸಲ್ ಮಾಡುವುದು. ಇದು ನಡೆಯುತ್ತಿರುವಾಗ ಬೈಕಿನ ಮೇಲಿದ್ದ ಇಬ್ಬರು ನಮ್ಮ ಮುಂದೆ ನಿಧಾನವಾಗಿ ಹಾದುಹೋದರು, ಮುಂದೆ ಹೋಗಿ ತಿರುಗಿಸಿಕೊಂಡು ಮತ್ತೆ ಬಂದರು. ಅತ್ತಿಗೆ ನನ್ನ ಮೊಣಕೈ ಹಿಡಿದು, "ಇಲ್ಲಿ ನಿಲ್ಲೋದು ಬೇಡ ಕಣೇ, ಒಳಗೆ ಹೋಗಿ ಯಾರನ್ನಾದ್ರೂ ಕೇಳೋಣ" ಎಂದರು. ಕೇಳುವುದಕ್ಕೆ ಒಳಗೆ ಯಾರೂ ಇರಲಿಲ್ಲ. ಮಾಂಗಲ್ಯದ ಸರವನ್ನು ಸೆರಗಿನೊಳಗೆ ಸೇರಿಸಿಕೊಂಡು, ಮೊಬೈಲಿನಲ್ಲಿ 112 ಒತ್ತಿ ಸಿದ್ಧವಾಗಿಟ್ಟುಕೊಂಡು ನಿಂತೆವು. ಕೊನೆಗೆ ಅಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತಾನು ಹಿಡಿದ ಆಟೋದಲ್ಲಿ ನಮ್ಮನ್ನೂ ಹತ್ತಿಸಿಕೊಂಡು, ನಮ್ಮನ್ನು ಇಳಿಸಿ ಮುಂದಕ್ಕೆ ಹೋದಳು. ಅವಳ ಮನೆ ಎಷ್ಟು ದೂರವಿತ್ತೋ, ಅವಳು ಅಷ್ಟು ದೂರ ಒಬ್ಬಳೇ ಹೋಗಬೇಕಿತ್ತು.

ಲಾಡ್ಜಿನ ಮುಂದೆ ಇಳಿದಾಗ ಶಟರು ನೆಲ ಮುಟ್ಟಿತ್ತು. ಮಧ್ಯಾಹ್ನ ಆಧಾರ್ ಕಾರ್ಡಿನ ನಕಲು ಪಡೆದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಮುಂಗಡ ಎಣಿಸಿಕೊಂಡವರು ರಾತ್ರಿ ಹತ್ತೂವರೆಗೆ ಬಾಗಿಲು ಹಾಕುತ್ತೇವೆ ಎಂಬ ಒಂದು ಮಾತನ್ನು ಹೇಳಿರಲಿಲ್ಲ. ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರೆ ಒಳಗೆ ಗಂಟೆ ಬಾರಿಸುವುದು ಹೊರಗೆ ಕೇಳಿಸುತ್ತಿತ್ತು, ಎತ್ತುವವರಿಲ್ಲ. ಪಕ್ಕದಲ್ಲೇ ಬಾರು, ಅದರ ಮೆಟ್ಟಿಲ ಮೇಲೆ ನಿಂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇಬ್ಬರು ಹೆಂಗಸರು ಆ ಗಲ್ಲಿಯಲ್ಲಿ ತಗಡಿನ ಶಟರನ್ನು ಬಡಿಯುತ್ತ ನಿಲ್ಲಬೇಕಾಯಿತು. ಎದ್ದು ಬಂದ ಹುಡುಗ ಅರ್ಧ ಶಟರು ಎತ್ತಿ, ನಾವು ಬಗ್ಗಿ ಒಳಗೆ ಬರುತ್ತಿರುವಾಗಲೇ, "ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ ಮೇಡಂ?" ಎಂದು ಕೇಳಿದ. ಅವನು ಕೇಳಿದ ರೀತಿ ಇನ್ನೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದೇ ರಾತ್ರಿ ಹನ್ನೊಂದೂವರೆಗೆ ನಾಲ್ಕು ಗಂಡಸರು ಗದ್ದಲ ಮಾಡಿಕೊಂಡು ಮಹಡಿ ಹತ್ತಿದ್ದು ಕೇಳಿಸಿತು. ಅವರನ್ನು ಯಾರೂ ಏನೂ ಕೇಳಲಿಲ್ಲ. ಹಣ ಕೊಟ್ಟು ಕೋಣೆ ಹಿಡಿದವರಿಗೆ ಬಾಗಿಲು ತೆರೆಯುವುದು ಲಾಡ್ಜಿನವರ ಕೆಲಸ. ಹೆಂಗಸರು ಎಲ್ಲಿಗೆ ಹೋಗಿದ್ದರು ಎಂದು ವಿಚಾರಿಸುವ ಅಧಿಕಾರವನ್ನು ಯಾರೂ ಅವರಿಗೆ ಕೊಟ್ಟಿಲ್ಲ.

ನಮ್ಮ ಮಲೆನಾಡಿನಲ್ಲಿ ಯಕ್ಷಗಾನ ರಾತ್ರಿ ಶುರುವಾಗಿ ಬೆಳಕು ಹರಿಯುವಾಗ ಮುಗಿಯುತ್ತಿತ್ತು. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದ ಹೆಂಗಸರು ಮಂಗಳ ಹಾಡುವವರೆಗೂ ಕೂತಿದ್ದು, ಬೆಳಗಿನ ಮೊದಲ ಬಸ್ಸಿನಲ್ಲೋ ನಡೆದುಕೊಂಡೋ ಮನೆ ಸೇರುತ್ತಿದ್ದರು. ಕತ್ತಲಲ್ಲಿ ಹೊರಗೆ ಹೋಗುವ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗ ಕಾಲಮಿತಿಯ ಆಟಗಳು ಹೆಚ್ಚಾದ ಮೇಲೆ ಅಲ್ಲಿಯೂ ಇದೇ ತೊಂದರೆ ಎದ್ದಿದೆ: ಕೊನೆಯ ಬಸ್ಸು ಹೋದ ಮೇಲೆ ಮುಗಿಯುತ್ತದೆ, ಮೊದಲ ಬಸ್ಸಿಗೆ ಇನ್ನೂ ಬಹಳ ಹೊತ್ತಿರುತ್ತದೆ. ಆಟ ಆಡಿಸುವವರು ಹೊತ್ತನ್ನು ಬದಲಾಯಿಸಬಹುದು. ಆದರೆ ಆ ಹೊತ್ತಿನಲ್ಲಿ ಜನ ಹೇಗೆ ಮನೆ ಸೇರುತ್ತಾರೆ ಎಂಬುದನ್ನೂ ಅವರೇ ಯೋಚಿಸಬೇಕು.

ಪ್ರೇಕ್ಷಕರಿಗಿಂತ ತಡವಾಗಿ ಹೊರಡುವ ನಟಿಯರನ್ನು ನೆನೆದರೆ ನನ್ನ ಸಿಟ್ಟು ಇನ್ನೂ ಏರುತ್ತದೆ. ಬಣ್ಣ ತೆಗೆದು, ಉಡುಪು ಮಡಚಿಟ್ಟು, ಪರಿಕರ ತುಂಬಿಸಿ ಅವರು ಹೊರಬರುವ ಹೊತ್ತಿಗೆ ಹನ್ನೊಂದು ಸಮೀಪಿಸಿರುತ್ತದೆ. ರಾತ್ರಿ ಪಾಳಿಯಲ್ಲಿ ಹೆಂಗಸರನ್ನು ದುಡಿಸುವ ಕಂಪನಿಗಳು ಅವರಿಗೆ ವಾಹನ ಒದಗಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ರಂಗದ ಮೇಲೆ ದುಡಿಯುವ ಹುಡುಗಿ ಯಾವ ಪಾಳಿಯ ಲೆಕ್ಕಕ್ಕೂ ಸೇರುವುದಿಲ್ಲವೇ?

ನಾನು ಆಗದ್ದನ್ನೇನೂ ಕೇಳುತ್ತಿಲ್ಲ. ಟಿಕೆಟ್ಟಿನ ಮೇಲೆ ಮುಗಿಯುವ ಹೊತ್ತನ್ನು ಅಚ್ಚು ಹಾಕಿಸಿ, ಅದಕ್ಕೆ ಬದ್ಧರಾಗಿರಿ. ಸನ್ಮಾನ ಮಾಡಲೇಬೇಕಿದ್ದರೆ ನಾಟಕದ ನಂತರ ಇಟ್ಟುಕೊಳ್ಳಿ, ಇಷ್ಟವಿದ್ದವರು ಕೂರುತ್ತಾರೆ. ಕೊನೆಯ ಪ್ರೇಕ್ಷಕ ಹೋಗುವವರೆಗೆ ಗೇಟಿನ ದೀಪ ಉರಿಯಲಿ, ತಂಡದ ಇಬ್ಬರು ಅಲ್ಲಿ ನಿಂತಿರಲಿ. ರೈಲು ನಿಲ್ದಾಣದಲ್ಲಿ ಟ್ರಾಫಿಕ್ ಪೊಲೀಸರ ಪ್ರೀಪೇಯ್ಡ್ ಆಟೋ ಕೌಂಟರ್ ನಡೆಯುತ್ತದೆ. ಅಂಥದ್ದೊಂದನ್ನು ಪ್ರದರ್ಶನವಿರುವ ದಿನ ಒಂಬತ್ತರಿಂದ ಹನ್ನೊಂದರವರೆಗೆ ಈ ರಸ್ತೆಯಲ್ಲಿ ಹಾಕಿ ಎಂದು ರಂಗತಂಡಗಳೆಲ್ಲ ಒಟ್ಟಾಗಿ ಬರೆದುಕೊಟ್ಟರೆ ಇಲ್ಲವೆನ್ನುವುದು ಸುಲಭವಲ್ಲ. ಅದೂ ಆಗದಿದ್ದರೆ ಮೆಜೆಸ್ಟಿಕ್ಕಿಗೆ ಒಂದು ಟೆಂಪೋ ಟ್ರಾವೆಲರ್ ಮಾಡಿ, ಟಿಕೆಟ್ಟಿನ ಜೊತೆಗೇ ಅದರ ಹಣವನ್ನೂ ತೆಗೆದುಕೊಳ್ಳಿ. ಐವತ್ತು ರೂಪಾಯಿ ಹೆಚ್ಚು ಕೊಡುವುದಕ್ಕೆ ನಾನೂ ಅತ್ತಿಗೆಯೂ ಸಿದ್ಧರಿದ್ದೇವೆ, ಆ ರಾತ್ರಿ ಗೇಟಿನ ಬಳಿ ನಿಂತಿದ್ದವರಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ.

ಅದೇ ತಂಡದ ಇನ್ನೊಂದು ನಾಟಕ ಮುಂದಿನ ತಿಂಗಳು ಇದೆಯೆಂದು ಪೋಸ್ಟರು ಬಂದಿದೆ. ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿದೆ. "ಸಭೆ ಎಷ್ಟು ಹೊತ್ತು ಆಗುತ್ತೋ ಹೇಳೋಕಾಗಲ್ಲ ಮೇಡಂ" ಎಂಬ ಉತ್ತರ ಬಂತು. ಹಾಗಿದ್ದರೆ ನಾವು ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂಬುದನ್ನೂ ನಿಮ್ಮ ಅಧ್ಯಕ್ಷರಿಗೆ ತಿಳಿಸಿ ಎಂದು ಹೇಳಿ, ನನ್ನ ಹೆಸರನ್ನೂ ಊರನ್ನೂ ಬರೆಸಿದ್ದೇನೆ.