ನೂರು ವರ್ಷದ ಬೋರ್ಡು

ಒಡವೆ ಅಂಗಡಿಯವರಿಗೆ ವಯಸ್ಸು ಹೇಳಿಕೊಳ್ಳಲು ಸ್ವಲ್ಪವೂ ನಾಚಿಕೆಯಿಲ್ಲ. ಬಟ್ಟೆ ಅಂಗಡಿಯವರು ‘ಹೊಸ ಸ್ಟಾಕ್ ಬಂದಿದೆ’ ಅಂತ ಬ್ಯಾನರ್ ಕಟ್ಟುತ್ತಾರೆ. ಮೊಬೈಲ್ ಅಂಗಡಿಯಲ್ಲಿ ಹೋದ ವರ್ಷದ ಮಾಡೆಲ್ ಕೇಳಿದರೆ ಹುಡುಗ ನಮ್ಮನ್ನು ಅಯ್ಯೋ ಪಾಪ ಅನ್ನುವಂತೆ ನೋಡುತ್ತಾನೆ. ಒಡವೆ ಅಂಗಡಿಗೆ ಬಂದರೆ ಲೆಕ್ಕವೇ ಬೇರೆ. ಬೋರ್ಡಿನಲ್ಲಿ ಹೆಸರಿನ ಕೆಳಗೆ ಒಂದು ಇಸವಿ ಇರಲೇಬೇಕು. ಅದು ಎಷ್ಟು ಹಳೆಯದೋ ಅಕ್ಷರ ಅಷ್ಟು ದಪ್ಪ.

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಸಿ. ಕೃಷ್ಣಯ್ಯ ಚೆಟ್ಟಿ ಅವರ ಅಂಗಡಿಯ ಇಸವಿ 1869. ಮುಂಬೈನ ತ್ರಿಭುವನದಾಸ್ ಭೀಮ್‌ಜಿ ಝವೇರಿ ಅವರದ್ದು 1864. ಬೆಳಗಾವಿ, ವಿಜಯಪುರದ ಪಕ್ಕದಲ್ಲೇ ಇರುವ ಸಾಂಗ್ಲಿಯಲ್ಲಿ ಗಾಡಗೀಳ ಮನೆತನ ಅಂಗಡಿ ತೆರೆದದ್ದು 1832ರಲ್ಲಿ. ಇವರ ಮುಂದೆ 1900ರಲ್ಲಿ ಶುರುವಾದ ಮದ್ರಾಸಿನ ವುಮ್ಮಿಡಿ ಬಂಗಾರು ಚೆಟ್ಟಿ ಅವರ ಅಂಗಡಿ ಮನೆಗೆ ಕಿರಿಯ ಸೊಸೆ.

1869 ಅಂದರೆ ಸುಮ್ನೆ ಒಂದು ಸಂಖ್ಯೆಯಂತೆ ಕಾಣುತ್ತದೆ. ಸ್ವಲ್ಪ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಆಗ ಬೆಂಗಳೂರಿಗೆ ರೈಲು ಬಂದು ಐದೇ ವರ್ಷ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಒಡೆಯರಿಗೆ ರಾಜ್ಯ ವಾಪಸ್ ಸಿಕ್ಕಿದ್ದು 1881ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬರುವುದಕ್ಕೆ 1905ರ ತನಕ ಕಾಯಬೇಕಿತ್ತು. ಅಲ್ಲಿಯವರೆಗೆ ವಜ್ರದ ಹೊಳಪನ್ನು ಹಗಲಿನ ಬಿಸಿಲಿನಲ್ಲೋ ಎಣ್ಣೆ ದೀಪದಲ್ಲೋ ನೋಡಿಯೇ ಕೊಂಡಿರಬೇಕು. ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿದ್ದು 1880ರಲ್ಲಿ. (ಅಲ್ಲೂ ‘ಸನ್ಸ್’! ಚಿನ್ನ ಅಗೆಯುವುದಕ್ಕೂ ಮಕ್ಕಳು ಬೇಕು.) ಆ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಅಂದರೆ ಪಕ್ಕದ ಜಿಲ್ಲೆಯಲ್ಲಿ ಚಿನ್ನ ತೆಗೆಯಲು ಆ ಕಂಪನಿ ಬರುವ ಮೊದಲೇ ಹುಟ್ಟಿದ ಅಂಗಡಿ, ನಷ್ಟ ತಾಳಲಾರದೆ ಗಣಿ ಬೀಗ ಹಾಕಿಕೊಂಡ ಮೇಲೂ ಬೆಳಿಗ್ಗೆ ಬಾಗಿಲು ತೆಗೆಯುತ್ತಿದೆ.

ಇಷ್ಟು ಹಳೆತನ ಯಾಕೆ ಬೇಕು ಅಂತ ಕೇಳಿದರೆ ಉತ್ತರ ಸುಲಭ. ಚಿನ್ನ ಎಲ್ಲ ಅಂಗಡಿಯಲ್ಲೂ ಒಂದೇ. ದರವೂ ಹೆಚ್ಚುಕಡಿಮೆ ಒಂದೇ, ಬೆಳಿಗ್ಗೆ ಪೇಪರಿನಲ್ಲೇ ಬಂದಿರುತ್ತದೆ. ಹಾಗಿರುವಾಗ ಈ ಅಂಗಡಿ ಬಿಟ್ಟು ಆ ಅಂಗಡಿಗೆ ಯಾಕೆ ಹೋಗಬೇಕು? ಮೋಸ ಮಾಡಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಎಂಬ ಒಂದೇ ಧೈರ್ಯಕ್ಕೆ. ಚಿನ್ನ ಕೊಳ್ಳುವವರಿಗೆ ಅದರ ಒಳಗೇನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ತಾಮ್ರ ಎಷ್ಟು ಬೆರೆತಿದೆ, ಗುಂಡಿನೊಳಗೆ ಅರಗು ಎಷ್ಟಿದೆ, ಎಲ್ಲ ದೇವರಿಗೇ ಗೊತ್ತು. ಹಾಗಾಗಿ ನಾವು ಸರ ನೋಡುವ ಮೊದಲು ಗಲ್ಲಾದ ಮೇಲೆ ತೂಗುಹಾಕಿದ ಫೋಟೊ ನೋಡುತ್ತೇವೆ. ಜರಿ ಪೇಟ, ಮುಚ್ಚಿದ ಕೋಟು, ಬಿಳಿ ಮೀಸೆ. ಗಂಧದ ಹಾರ ಹಾಕಿಸಿಕೊಂಡ ಆ ಹಿರಿಯರ ಮುಖ ನೋಡಿ ನಾಲ್ಕು ಲಕ್ಷ ರೂಪಾಯಿ ಬಿಚ್ಚುತ್ತೇವೆ. ಮಾರಿದ ಒಡವೆಯನ್ನು ನಾವೇ ವಾಪಸ್ ಕೊಳ್ಳುತ್ತೇವೆ ಎಂಬ ಗ್ಯಾರಂಟಿಯನ್ನು 1938ರಲ್ಲೇ ಕೊಟ್ಟೆವು ಅಂತ ಮುಂಬೈನ ಝವೇರಿ ಅಂಗಡಿಯವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಬೇಕಾದ ಮಾತೇ ಬಿಡಿ.

ಆದರೆ ಒಂದು ವಿಚಿತ್ರ ನೋಡಿ. ಇಷ್ಟೆಲ್ಲ ಹಳೇ ಅಂಗಡಿಯ ಒಳಗೆ ಹೋದರೆ ಹಳೇ ವಸ್ತು ಒಂದೂ ಸಿಗುವುದಿಲ್ಲ. ಪುಸ್ತಕದಂಗಡಿಯಲ್ಲಿ ಯಾವುದೋ ಮೂಲೆಯಲ್ಲಿ ಮೊದಲ ಮುದ್ರಣದ ಪ್ರತಿ ಸಿಕ್ಕೀತು. ಹಿತ್ತಾಳೆ ಪಾತ್ರೆಯವರ ಅಟ್ಟದ ಮೇಲೆ ಮುತ್ತಜ್ಜನ ಕಾಲದ ಹಂಡೆ ಇದ್ದೀತು. ಒಡವೆ ಅಂಗಡಿಯಲ್ಲಿ ಬೋರ್ಡು ಒಂದೇ ಹಳೆಯದು. ಮಿಕ್ಕಿದ್ದೆಲ್ಲ ಹೋದ ತಿಂಗಳ ಡಿಸೈನ್. ಹಿಂದೆ ಮಾಡಿದ್ದೆಲ್ಲ ಎಲ್ಲಿ ಹೋಯಿತು ಅಂದರೆ, ಅಲ್ಲೇ ಇದೆ. ಕರಗಿದೆ, ಅಷ್ಟೇ.

ನಮ್ಮಜ್ಜಿಗೆ ಮದುವೆಯಲ್ಲಿ ಅವಲಕ್ಕಿ ಸರ ಹಾಕಿದ್ದರಂತೆ. ಅಮ್ಮನ ಕಾಲಕ್ಕೆ ಅದು ಎರಡೆಳೆ ಸರ ಆಯಿತು. ಅಕ್ಕನ ಮದುವೆಗೆ ಅದೇ ನೆಕ್ಲೇಸ್ ಆಯಿತು, ಉಳಿದ ಚೂರಿನಲ್ಲಿ ಒಂದು ಜೊತೆ ಜುಮಕಿ. ಈಗ ಅಕ್ಕನ ಮಗಳು ಆ ನೆಕ್ಲೇಸ್ ನೋಡಿ, “ಇಷ್ಟು ಹೆವಿ ಯಾರು ಹಾಕ್ಕೋತಾರೆ?” ಅನ್ನುತ್ತಿದ್ದಾಳೆ. ಅದರ ಮುಂದಿನ ಜನ್ಮ ಹತ್ತಿರ ಬಂತು ಅಂತ ಲೆಕ್ಕ. ಬುಗುಡಿ, ಬೆಂಡೋಲೆ, ಡಾಬು, ವಂಕಿ, ಜಡೆಬಿಲ್ಲೆ, ನಾಗರ, ಕಾಸಿನ ಸರ, ಪುತಲಿ ಸರ, ಬೋರಮಾಳ ಎಲ್ಲ ಹೀಗೆಯೇ ಒಂದೊಂದಾಗಿ ಮೂಸೆಗೆ ಇಳಿದವು. ಈಗ ಅವನ್ನೇ ‘ಆಂಟಿಕ್’ ಅಂತ ಹೊಸದಾಗಿ ಮಾಡಿ, ಬೇಕಂತಲೇ ಸ್ವಲ್ಪ ಮಂಕು ಬಣ್ಣ ಕೊಟ್ಟು, ಜಾಸ್ತಿ ಮೇಕಿಂಗ್ ಚಾರ್ಜ್ ಹಾಕಿ ಮಾರುತ್ತಾರೆ. ಅಜ್ಜಿಯ ಅಸಲಿ ಡಾಬು ಕರಗಿಸಿ ಮೊಮ್ಮಗಳು ಹೊಸ ಹಳೇ ಡಾಬು ಕೊಂಡದ್ದನ್ನು ನಾನೇ ನೋಡಿದ್ದೇನೆ.

ಕರಗಿಸುವಾಗ ಹಳೇ ಒಡವೆಯ ಗುಟ್ಟೆಲ್ಲ ಹೊರಗೆ ಬರುತ್ತದೆ. ಹರಳಿನ ತೂಕ ಕಳೆಯಿರಿ, ಅರಗಿನ ತೂಕ ಕಳೆಯಿರಿ. ಆಮೇಲೆ ಬೆಸುಗೆ. ಚಿಕ್ಕ ಚಿಕ್ಕ ತುಂಡು ಸೇರಿಸಿ ಮಾಡಿದ ಸರದಲ್ಲಿ ಬೆಸುಗೆ ಜಾಸ್ತಿ. ಬೆಸುಗೆ ಚಿನ್ನಕ್ಕಿಂತ ಬೇಗ ಕರಗಬೇಕು, ಅದಕ್ಕೆ ತಾಮ್ರ, ಬೆಳ್ಳಿ ಬೆರೆಸಲೇಬೇಕು. ಹಾಗಾಗಿ ಅಕ್ಕಸಾಲಿ ಎಷ್ಟೇ ಸತ್ಯವಂತನಾದರೂ ಕುಸುರಿ ಜಾಸ್ತಿ ಇದ್ದಷ್ಟೂ ಕರಗಿಸಿದಾಗ ಕ್ಯಾರೆಟ್ ಇಳಿಯುತ್ತಿತ್ತು. ಒಂದು ಕಾಲದಲ್ಲಿ ಊರೂರಿನ ಅಂಗಡಿಗಳ ಮೇಲೆ ಹೊಳೆದ ‘ಕೆಡಿಎಂ’ ಎಂಬ ಮೂರಕ್ಷರ ಈ ಕಷ್ಟಕ್ಕೆ ಹುಡುಕಿದ ಮದ್ದು. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಚಿನ್ನದ ಶುದ್ಧತೆ ಉಳಿಯಿತು, ಅದರ ಹೊಗೆ ಕುಡಿದ ಕೆಲಸಗಾರನ ಶ್ವಾಸಕೋಶ ಕೆಟ್ಟಿತು. ಮುಂದೆ ಅದನ್ನು ಬಿಡಬೇಕಾಯಿತು.

ಹೀಗೆ ತಾನು ಮಾಡಿದ್ದನ್ನೆಲ್ಲ ತಾನೇ ಕರಗಿಸುವ ಕಸುಬಿಗೆ ಚರಿತ್ರೆ ಬರೆಯುವುದು ಕಷ್ಟ. ವುಮ್ಮಿಡಿ ಮನೆತನದ ಕಥೆಯನ್ನೇ ತೆಗೆದುಕೊಳ್ಳಿ. 1947ರಲ್ಲಿ ತಮಿಳುನಾಡಿನ ತಿರುವಾವಡುದುರೈ ಮಠದವರು ಇವರ ಹತ್ತಿರ ಒಂದು ರಾಜದಂಡ ಮಾಡಿಸಿದರು. ಸುಮಾರು ಐದಡಿ ಉದ್ದ, ಬೆಳ್ಳಿಗೆ ಚಿನ್ನದ ಲೇಪ, ತುದಿಯಲ್ಲಿ ನಂದಿ. ಆಗಸ್ಟ್ 14ರ ರಾತ್ರಿ ಅದು ನೆಹರೂ ಕೈ ಸೇರಿತು. ಇಂಥದ್ದನ್ನು ಮಾಡಿದ ಅಂಗಡಿ ಅದನ್ನು ಬೋರ್ಡಿನ ಮೇಲೇ ಬರೆಸಿಕೊಳ್ಳಬೇಕಿತ್ತು, ಅಲ್ವಾ? ಮನೆಯವರಿಗೇ ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ. ಏಳು ದಶಕ ಕಳೆದ ಮೇಲೆ ಪತ್ರಿಕೆಯಲ್ಲಿ ಬಂದ ಲೇಖನ ನೋಡಿ ಹುಡುಕಿದರೆ, ಅಲಹಾಬಾದ್ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೊಳಗೆ ಸಿಕ್ಕಿತು. ನೆಹರೂಗೆ ಉಡುಗೊರೆಯಾಗಿ ಬಂದ ಚಿನ್ನದ ಊರುಗೋಲು ಅಂತ ಅದರ ಪಕ್ಕ ಬರೆದಿಟ್ಟಿದ್ದರಂತೆ! 2023ರ ಮೇ 28ರಂದು ಅದನ್ನು ಹೊಸ ಸಂಸತ್ ಭವನದಲ್ಲಿ ಇಟ್ಟಾಗ, 1947ರಲ್ಲಿ ಹುಡುಗರಾಗಿದ್ದ ವುಮ್ಮಿಡಿ ಮನೆಯ ಇಬ್ಬರು ಹಿರಿಯರು ಇನ್ನೂ ಬದುಕಿದ್ದರು. ಅದೊಂದು ಪುಣ್ಯ. ಅದು ಉಳಿದದ್ದಕ್ಕೆ ಕಾರಣ ನನಗೆ ಹೊಳೆಯುವುದು ಒಂದೇ. ಮ್ಯೂಸಿಯಂನವರು ಹಳೇದು ಕೊಟ್ಟು ಹೊಸದು ತೆಗೆದುಕೊಳ್ಳುವ ಜನ ಅಲ್ಲ.

ವಸ್ತುವಿನಲ್ಲಿ ಸಿಗದ ಚರಿತ್ರೆ ಬೋರ್ಡಿನಲ್ಲಿ ಸಿಗುತ್ತದೆ. ಒಡವೆ ಅಂಗಡಿಯ ಬೋರ್ಡು ಓದಲು ಬಂದರೆ ಆ ಮನೆಯ ವಂಶವೃಕ್ಷ ಓದಿದ ಹಾಗೆ. ಮೊದಲು ಹೆಸರು ಒಂದೇ ಇರುತ್ತದೆ. ಮುಂದಿನ ತಲೆಮಾರಿಗೆ ‘ಅಂಡ್ ಸನ್ಸ್’ ಸೇರುತ್ತದೆ. ಅಪ್ಪ ತೀರಿಕೊಂಡ ಮೇಲೆ ‘ಬ್ರದರ್ಸ್’. ಆಮೇಲೆ ಅದೇ ಬೀದಿಯಲ್ಲಿ ಎದುರುಬದುರು ಅದೇ ಹೆಸರಿನ ಎರಡು ಅಂಗಡಿ. ಒಂದರ ಮೇಲೆ ‘ಹಳೇ ಹೆಸರಾಂತ’, ಇನ್ನೊಂದರ ಮೇಲೆ ‘ನಮ್ಮ ಬೇರೆ ಶಾಖೆ ಇಲ್ಲ’. ಮೂಲ ಇಸವಿ ಮಾತ್ರ ಎರಡರ ಮೇಲೂ ಒಂದೇ. ಚಿನ್ನ ಪಾಲು ಮಾಡಬಹುದು, ಮನೆ ಪಾಲು ಮಾಡಬಹುದು, ಇಸವಿ ಪಾಲು ಮಾಡಲು ಬರುವುದಿಲ್ಲ. ಅದನ್ನು ಎಲ್ಲರೂ ಪೂರ್ತಿಯಾಗಿ ಇಟ್ಟುಕೊಳ್ಳುತ್ತಾರೆ.

ಎಲ್ಲ ಅಂಗಡಿಯೂ ಇದ್ದ ಊರಲ್ಲೇ ಬೇರು ಬಿಟ್ಟದ್ದಲ್ಲ. ಉಡುಪಿ ಮೂಲದ ಭೀಮ ಭಟ್ಟರು 1925ರಲ್ಲಿ ಕೇರಳದ ಆಲಪ್ಪುಳದಲ್ಲಿ ಬೆಳ್ಳಿ ಸಾಮಾನಿನಿಂದ ಶುರು ಮಾಡಿದರು. ಉಡುಪಿಯವರು ಊರು ಬಿಟ್ಟರೆ ಹೋಟೆಲ್ ಇಡುತ್ತಾರೆ ಅಂತ ನಾವೆಲ್ಲ ನಂಬಿದ್ದೇವೆ. ಇವರು ಇಟ್ಟದ್ದು ಒಡವೆ ಅಂಗಡಿ. ಮುಂದೆ ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಅದನ್ನೇ ಬೆಳೆಸಿ, ಭೀಮ ಎಂಬ ಹೆಸರು ತಿರುಗಿ ಬೆಂಗಳೂರಿಗೂ ಬಂತು.

ಈ ಬೋರ್ಡುಗಳಲ್ಲಿ ‘ಅಂಡ್ ಡಾಟರ್ಸ್’ ಅಂತ ಬರೆಸಿದವರನ್ನು ನಾನು ಇನ್ನೂ ನೋಡಿಲ್ಲ. ಕೊಳ್ಳುವವರು ಹೆಂಗಸರು, ಹಾಕಿಕೊಳ್ಳುವವರು ಹೆಂಗಸರು, ಅಂಗಡಿ ಗಂಡುಮಕ್ಕಳದ್ದು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಬೋರ್ಡು ಬರೆಯುವವನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಮುಂಬೈನ ಝವೇರಿ ಅಂಗಡಿಯ ಆಡಳಿತದಲ್ಲಿ ಈಗ ಮನೆಯ ಹೆಣ್ಣುಮಕ್ಕಳೂ ಇದ್ದಾರೆ ಅನ್ನುವುದು ಒಂದು ಸಮಾಧಾನ.

ಬೋರ್ಡಿಗೆ ಬಾರದೆ ಉಳಿದವರು ಇನ್ನೊಬ್ಬರಿದ್ದಾರೆ. ನಿಜವಾಗಿ ಒಡವೆ ಮಾಡಿದವರು. ಮೈಸೂರು ಕಡೆ ಆಚಾರ್ರು, ಕರಾವಳಿಯಲ್ಲಿ ಶೇಟ್ರು, ಉತ್ತರ ಕರ್ನಾಟಕದಲ್ಲಿ ಪತ್ತಾರ್ರು. ಹಿಂದೆ ಇವರನ್ನು ಮನೆಗೇ ಕರೆಸುತ್ತಿದ್ದರು. ಜಗುಲಿಯ ಮೇಲೆ ಕೆಂಡ, ಊದುಗೊಳವೆ, ಇಕ್ಕಳ, ಮೂಸೆ ಹರಡಿಕೊಂಡು ಕೂತರೆ, ಮನೆಯ ಹಿರಿಯರೊಬ್ಬರು ಎದುರಿಗೆ ಕೂತು ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ತೂಕ ಗುಲಗಂಜಿಯಲ್ಲಿ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಅಂತ ಗಾದೆ ಕಟ್ಟಿದವರು ನಾವು. ಅವರ ಕುಲುಮೆಯ ಮುಂದೆ ಬಿದ್ದ ಧೂಳನ್ನು ಗುಡಿಸಿ ತೊಳೆದು ಚಿನ್ನ ಹುಡುಕಿ ಬದುಕುವ ಜನರಿದ್ದಾರೆ ಅನ್ನುವುದನ್ನು ಗಾದೆ ಕಟ್ಟಿದವರು ನೋಡಲಿಲ್ಲ. ಅರ ಹಾಕಿದರೆ, ಕೊರೆದರೆ, ಉಜ್ಜಿದರೆ ಚಿನ್ನ ಉದುರಿಯೇ ಉದುರುತ್ತದೆ. ಅದೇ ನಷ್ಟಕ್ಕೆ ಎಸಿ ಷೋರೂಮಿನಲ್ಲಿ ‘ವೇಸ್ಟೇಜ್’ ಅಂತ ಬಿಲ್ಲಿನಲ್ಲಿ ಹಾಕಿದರೆ ತಲೆಯಾಡಿಸಿ ಕೊಡುತ್ತೇವೆ. ಜಗುಲಿಯ ಮೇಲೆ ಕಳ್ಳತನ, ಕೌಂಟರಿನಲ್ಲಿ ಶೇಕಡಾವಾರು.

ಇವರಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರಲ್ಲಿ. ಚೀನಾ ಯುದ್ಧ ಮುಗಿದಿತ್ತು, ದೇಶದಲ್ಲಿ ವಿದೇಶಿ ವಿನಿಮಯ ಇರಲಿಲ್ಲ. ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ತಂದರು. 14 ಕ್ಯಾರೆಟ್‌ಗಿಂತ ಮೇಲಿನ ಹೊಸ ಒಡವೆ ಮಾಡುವಂತಿಲ್ಲ ಅಂದರು. ನಮ್ಮ ಜನ ಚಿನ್ನ ಬಿಟ್ಟಾರು, 14 ಕ್ಯಾರೆಟ್ಟಿನ ತಾಳಿ ಕಟ್ಟಿಸಿಕೊಂಡಾರೆಯೇ? ಕೆಲಸ ನಿಂತಿತು. ಸಾವಿರಾರು ಅಕ್ಕಸಾಲಿಗರು ಬೀದಿಗೆ ಬಿದ್ದರು, ಜೀವ ಕಳೆದುಕೊಂಡವರೂ ಇದ್ದಾರೆ. ಒಳ್ಳೆಯ ಚಿನ್ನಕ್ಕೆ ಹೊಂದಿಕೊಂಡ ಕೈಗಳು ಬಡಗಿ ಕೆಲಸಕ್ಕೆ, ವಾಚ್ ರಿಪೇರಿಗೆ, ಜವಾನಿಕೆಗೆ ಹೋದವು. 1968ರ ಕಾಯ್ದೆಯಲ್ಲಿ ಅಕ್ಕಸಾಲಿ 100 ಗ್ರಾಂಗಿಂತ ಜಾಸ್ತಿ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿರಲಿಲ್ಲ. ಕಾಯ್ದೆ ರದ್ದಾದದ್ದು 1990ರಲ್ಲಿ. ಲೈಸೆನ್ಸು, ಲೆಕ್ಕದ ಪುಸ್ತಕ, ಗುಮಾಸ್ತ ಇದ್ದ ಅಂಗಡಿಗಳು ಹೇಗೋ ಆ ಕಾಲವನ್ನು ದಾಟಿದವು. ಊದುಗೊಳವೆ ಮಾತ್ರ ಇದ್ದವರು ದಾಟಲಿಲ್ಲ. ನೂರು ವರ್ಷದ ಅಂಗಡಿಯನ್ನು ಹೊಗಳುವಾಗ ನನಗೆ ಇದು ಯಾವಾಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೂ ತಲೆಮಾರುಗಳಿದ್ದವು. ಅವರ ಇಸವಿ ಯಾರೂ ಬರೆದಿಡಲಿಲ್ಲ.

ಹಳೇ ಅಂಗಡಿಗಳಿಗೂ ಆಮೇಲೆ ಬಿಸಿ ಮುಟ್ಟಿತು. 90ರ ದಶಕದಲ್ಲಿ ಹೊಸೂರಿನ ಟೈಟನ್ ಕಂಪನಿ ತನಿಷ್ಕ್ ಶುರು ಮಾಡಿತು. ಅವರು ಕ್ಯಾರೆಟ್ ಮೀಟರ್ ಎಂಬ ಯಂತ್ರ ತಂದಿಟ್ಟು, ನಿಮ್ಮ ಬಳೆ ಇಲ್ಲಿಡಿ, ನೋಡೇಬಿಡೋಣ ಅಂದರು. 22 ಅಂತ ನಂಬಿ ತೊಟ್ಟಿದ್ದು 19, 20 ಅಂತ ತೋರಿಸಿದಾಗ ಎಷ್ಟೋ ಮನೆಗಳಲ್ಲಿ ತಲೆಮಾರುಗಳ ನಂಟಸ್ತಿಕೆ ಕೆಟ್ಟಿತು. 2000ದಲ್ಲಿ ಹಾಲ್‌ಮಾರ್ಕ್, ಅಂದರೆ ಚಿನ್ನವನ್ನು ಪರೀಕ್ಷಿಸಿ ಒತ್ತುವ ಶುದ್ಧತೆಯ ಮುದ್ರೆ, ಬಂತು. 2021ರ ಜೂನ್‌ನಲ್ಲಿ ಅದು 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಒಡವೆಯ ಮೈಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇಲ್ಲದೆ ಮಾರುವಂತಿಲ್ಲ. ಆ ಗುರುತನ್ನು ಫೋನಿನ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಜಾತಕ ಬಿಚ್ಚಿಕೊಳ್ಳುತ್ತದೆ. ಎಷ್ಟು ಕ್ಯಾರೆಟ್, ಎಲ್ಲಿ ಪರೀಕ್ಷೆ ಆಯಿತು, ಎಲ್ಲ. ಈಗ ನಿನ್ನೆ ತೆರೆದ ಅಂಗಡಿಯ 916ಕ್ಕೂ (22 ಕ್ಯಾರೆಟ್ ಚಿನ್ನಕ್ಕೆ ಒತ್ತುವ ಅಂಕಿ) 1869ರ ಅಂಗಡಿಯ 916ಕ್ಕೂ ವ್ಯತ್ಯಾಸ ಇಲ್ಲ. ಲೆಕ್ಕದ ಪ್ರಕಾರ ಗಲ್ಲಾದ ಮೇಲಿನ ಫೋಟೊಗೆ ಕೆಲಸ ಮುಗಿಯಿತು.

ಲೆಕ್ಕದ ಪ್ರಕಾರ ಮಾತ್ರ. ನಮ್ಮ ಚಿಕ್ಕಮ್ಮ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕಾಗದ ಪತ್ರ ನೋಡದೆ ಒಂದು ಹೆಜ್ಜೆ ಇಡುವವರಲ್ಲ. ಮೊನ್ನೆ ಅವರ ಜೊತೆ ಒಂದು ಹಳೇ ಅಂಗಡಿಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಇಸಿದುಕೊಂಡು, ಬಳೆಯ ಒಳಗಿನ ಗುರುತು ಓದಿ ಫೋನಿನಲ್ಲಿ ಒತ್ತಿದರು. ಸರಿಯಾಗಿತ್ತು. ತೂಕ ಮಾಡುವಾಗ ಫ್ಯಾನ್ ಆರಿಸಿ ಅಂದರು. ತಕ್ಕಡಿ ಗಾಜಿನ ಗೂಡಿನೊಳಗೇ ಇತ್ತು, ಆದರೂ ಹುಡುಗ ಆರಿಸಿದ. ಮೇಕಿಂಗ್ ಚಾರ್ಜಿನಲ್ಲಿ ಎರಡು ಪರ್ಸೆಂಟ್ ಇಳಿಸಿಕೊಂಡರು. ಎಲ್ಲ ಮುಗಿದು ಹುಡುಗ ಬಿಲ್ ಒತ್ತಬೇಕು, ಅಷ್ಟರಲ್ಲಿ ಚಿಕ್ಕಮ್ಮ ಬ್ಯಾಗ್ ಮುಚ್ಚಿ ಕುರ್ಚಿಗೆ ಒರಗಿ ಕೂತರು.

“ಅದೆಲ್ಲ ಸರಿಯಪ್ಪಾ. ಯಜಮಾನ್ರು ಎಲ್ಲಿ? ಊಟಕ್ಕೆ ಹೋಗಿದ್ದಾರಾ? ಬರ್ಲಿ, ಅವರು ಬಂದ್ಮೇಲೇ ಬಿಲ್ ಮಾಡು.”